ಓನರ್ ತಾತನ ದನಿಯಲ್ಲಿ ಕಲ್ಲಂಗಡಿ

ಯಶವಂತಪುರ ಮಾರುಕಟ್ಟೆಯ ಹಿಂದಿನ ಬೀದಿಯ ಒಂದು ಅಂಗಡಿಯಲ್ಲಿ ನನ್ನ ಕೆಲಸ ಕೂಗುವುದು. ತಮಾಷೆಗೆ ಹೇಳುತ್ತಿಲ್ಲ. ತಳ್ಳುಗಾಡಿಗೆ, ಗೂಡ್ಸ್ ಆಟೋಗೆ ಕಟ್ಟುವ ಸ್ಪೀಕರ್ ಮಾರುತ್ತೇವೆ. ಅದರೊಳಗೆ ಹಾಕುವ ಕೂಗನ್ನೂ ನಾವೇ ರೆಕಾರ್ಡ್ ಮಾಡಿ ಪೆನ್‌ಡ್ರೈವಿನಲ್ಲಿ ತುಂಬಿಸಿ ಕೊಡುತ್ತೇವೆ. ಭಾನುವಾರ ಬೆಳಗ್ಗೆ ಇನ್ನೊಂದು ಹತ್ತು ನಿಮಿಷ ಮಲಗೋಣ ಎಂದು ನೀವು ಮಗ್ಗುಲು ಬದಲಿಸುವಾಗ ‘ಈರುಳ್ಳಿ, ಆಲೂಗಡ್ಡೆ, ಟೊಮೇಟೋ’ ಎಂದು ಯಾರಾದರೂ ಕಿಟಕಿಯೊಳಗೆ ನುಗ್ಗಿದ್ದರೆ, ನೀವು ಊರಿನ ಈ ಕಡೆಯವರೇ ಆಗಿದ್ದರೆ, ಅದು ಬಹುಶಃ ನಾನೇ. ಕ್ಷಮೆ ಕೇಳುವುದಿಲ್ಲ. ಬೈಯುವುದಿದ್ದರೆ ಬೈಯಿರಿ, ಅದನ್ನೂ ನಿಮ್ಮದೇ ದನಿಯಲ್ಲಿ ಮಾಡಿ ತೋರಿಸುತ್ತೇನೆ.

ಬೇರೆಯವರ ದನಿ ತೆಗೆಯುವುದು ನನಗೆ ಚಿಕ್ಕಂದಿನ ಚಟ. ಅಪ್ಪನ ಕೆಮ್ಮನ್ನು ಅಪ್ಪನಿಗಿಂತ ಚೆನ್ನಾಗಿ ಕೆಮ್ಮುತ್ತೇನೆ. ಅತ್ತೆ ಫೋನಿನಲ್ಲಿ ‘ಇಡ್ತೀನಿ ಕಣೇ’ ಎಂದ ಮೇಲೂ ಇಪ್ಪತ್ತು ನಿಮಿಷ ಮಾತಾಡುವುದನ್ನು ಪೂರ್ತಿ ಇಪ್ಪತ್ತು ನಿಮಿಷ ಮಾಡಬಲ್ಲೆ. ಓದಿನಲ್ಲಿ ಮಾತ್ರ ಯಾರನ್ನೂ ಅನುಕರಿಸಲು ಆಗಲಿಲ್ಲ. ಮತ್ತಿಕೆರೆಯಲ್ಲಿ ನಮ್ಮ ಮನೆಯಿಂದ ದೊಡ್ಡ ಕಾಲೇಜಿಗೆ ಐದು ನಿಮಿಷದ ದಾರಿ. ಅದಕ್ಕೂ ನನಗೂ ಇರುವ ಸಂಬಂಧ ಆ ಐದು ನಿಮಿಷವೇ.

ಆ ಮನೆಯ ಕೆಳ ಅಂತಸ್ತಿನಲ್ಲಿ ನಾವು ಬಾಡಿಗೆಗೆ ಇದ್ದು ಹದಿನಾಲ್ಕು ವರ್ಷ. ಮೇಲೆ ಓನರ್ ತಾತ, ಅವರ ಮಗ, ಸೊಸೆ. ತಾತ ಮತ್ತಿಕೆರೆ ಹಳ್ಳಿಯಾಗಿದ್ದ ಕಾಲದವರು. ಅವರಿಗೆ ಮಾತಾಡಲು ಬರುವುದಿಲ್ಲ, ಕೂಗಲು ಮಾತ್ರ ಬರುತ್ತದೆ. ‘ಯಾರ್ಲಾ ಅದು, ಮೋಟರ್ ಆಫ್ ಮಾಡ್ರಲಾ!’ ಎಂದು ಮೆಟ್ಟಿಲ ತುದಿಯಲ್ಲಿ ನಿಂತು ಒಂದು ದನಿ ಬಿಟ್ಟರೆ ನಮ್ಮ ಮನೆಯದಷ್ಟೇ ಅಲ್ಲ, ಎದುರು ಮನೆಯ ಮೋಟರೂ ಆಫ್ ಆಗುತ್ತಿತ್ತು. ನನ್ನ ಸಂಗ್ರಹದಲ್ಲೇ ಅದು ಅತ್ಯುತ್ತಮ ದನಿ. ಅಪ್ಪ ಪೀಣ್ಯದ ಫ್ಯಾಕ್ಟರಿಯಿಂದ ಸೋತು ಬಂದ ದಿನ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ತಾತನಾಗುತ್ತಿದ್ದೆ. ಅಪ್ಪ ಮೇಲಕ್ಕೊಮ್ಮೆ ನೋಡಿ, ಟವೆಲ್ಲು ಬಾಯಿಗೆ ತುರುಕಿಕೊಂಡು ನಗುತ್ತಿದ್ದ.

ಈ ಸಲ ಹೊಂಗೆ ಚಿಗುರುವ ಹೊತ್ತಿಗೆ ಆ ನಗು ನಿಂತಿತು. ತಾತನ ಮಗನಿಗೆ ಕೆಳ ಅಂತಸ್ತನ್ನು ಪಿಜಿ ಮಾಡಿಬಿಡುವ ಯೋಚನೆ ಬಂದಿತ್ತು. ಒಂದೊಂದು ರೂಮಿಗೆ ಮೂರು ಮೂರು ಮಂಚ, ಕಾಲೇಜು ಹುಡುಗರು. ಅಗ್ರಿಮೆಂಟ್ ಮುಗಿಯುತ್ತಿತ್ತು. ಅಮ್ಮ ಕೇಳಿದ್ದಕ್ಕೆ ತಾತ, “ಯುಗಾದಿ ಕಳೀಲಿ, ನೋಡಣ” ಎಂದಷ್ಟೇ ಹೇಳಿದ್ದರು. ಅದೂ ಕೂಗದೆ. ಅಮ್ಮನಿಗೆ ಭಯವಾದದ್ದು ಅದಕ್ಕೇ.

ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಆ ಬೀದಿಯ ಹೆಂಗಸರ ಅಳತೆ ಪುಸ್ತಕವಿಲ್ಲದೆ ಅವಳ ಬಾಯಲ್ಲಿದೆ. ಯಾರ ಭುಜ ಒಂದು ಕಡೆ ಇಳಿದಿದೆ, ಯಾರಿಗೆ ದಪ್ಪಗಾಗಿದ್ದನ್ನು ಬಾಯಿಬಿಟ್ಟು ಹೇಳಬಾರದು, ಎಲ್ಲ ಗೊತ್ತು. ಬಾಗಲಗುಂಟೆ ಕಡೆ ಮನೆ ಸಿಗಬಹುದು. ಆದರೆ ಹದಿನಾಲ್ಕು ವರ್ಷದ ಭುಜಗಳು ಹಿಂದೆ ಹಿಂದೆ ಬಾಗಲಗುಂಟೆಗೆ ಬರುತ್ತವೆಯೇ?

“ನೋಡು,” ಅಂದಳು ಅಮ್ಮ ಒಂದು ಸಂಜೆ, ಬಾಯಲ್ಲಿದ್ದ ದಾರ ಕಡಿದು. “ಯುಗಾದಿ ಕಳ್ಯೋ ತನಕ ಓನರ್ ದನಿ ತೆಗೀಬೇಡ. ಮನೇಲೂ ಬೇಡ, ಬಚ್ಚಲಲ್ಲೂ ಬೇಡ. ತೆಗೆದ್ಯೋ, ಬಾಯಿಗೇ ಹೊಲಿಗೆ ಹಾಕ್ತೀನಿ. ಮಿಷನ್ ಇಲ್ಲೇ ಇದೆ.”

“ಆಯ್ತಮ್ಮ,” ಅಂದೆ. ಆದರೆ ಅದೇ ಮಧ್ಯಾಹ್ನ ಆ ದನಿಯನ್ನು ನಾನು ಮಾರಿ ಬಂದಿದ್ದೆ.

ಆಗಿದ್ದಿಷ್ಟು. ಗಂಗಾನಗರದಲ್ಲಿ ಕಲ್ಲಂಗಡಿ ಮಾರುವ ಒಬ್ಬ ಚಾಚಾ ಅಂಗಡಿಗೆ ಬಂದಿದ್ದರು. ರಂಜಾನ್ ತಿಂಗಳು. ಸಂಜೆ ಉಪವಾಸ ಬಿಡುವ ಹೊತ್ತಿಗೆ ಎಲ್ಲರಿಗೂ ಕಲ್ಲಂಗಡಿ ಬೇಕು, ಆದರೆ ಮಾರುವ ಚಾಚಾನೂ ಉಪವಾಸವೇ.

“ರೋಜಾ ಇದೀನಿ ಬೇಟಾ. ಒಂದ್ ತೊಟ್ಟು ನೀರಿಲ್ದೆ ಹೆಂಗೆ ಕೂಗೋದು? ನೀನು ಕೂಗಿ ಕೊಡು.”

ನಾನು ನನ್ನ ಎಂದಿನ ಸಿಹಿ ದನಿಯಲ್ಲಿ, ‘ಬನ್ನಿ ಅಕ್ಕಾ, ಬನ್ನಿ ಅಣ್ಣಾ’ ಎಂದು ಕೂಗಿ ಕೇಳಿಸಿದೆ. ಚಾಚಾ ತಲೆ ಅಲ್ಲಾಡಿಸಿದರು.

“ಮೆತ್ತಗಾಯ್ತು. ಮದುವೆ ಮನೇಲಿ ಊಟಕ್ಕೆ ಕರೆದಂಗೈತೆ. ಇದು ಕೇಳಿದ್ರೆ ಜನ ಇನ್ನೂ ಒರಗಿ ಮಲಗ್ತಾರೆ. ಎದ್ದು ಬರಂಗೆ ಕೊಡು.”

ಕೂತವರನ್ನು ಎಬ್ಬಿಸುವ ದನಿ ನನಗೆ ಒಂದೇ ಗೊತ್ತಿತ್ತು. ಆದರೂ ಹುಷಾರಾಗಿ ಕೇಳಿದೆ. “ಗಾಡಿ ಎಲ್ಲೆಲ್ಲಿ ಹೋಗತ್ತೆ ಚಾಚಾ?”

“ಗಂಗಾನಗರ ಬಿಟ್ಟು ಎಲ್ಲೂ ಇಲ್ಲ.”

ಗಂಗಾನಗರ ಎಲ್ಲಿ, ಮತ್ತಿಕೆರೆ ಎಲ್ಲಿ. ನಡುವೆ ಅಷ್ಟೊಂದು ಟ್ರಾಫಿಕ್ ಇದೆ, ತಾತನ ದನಿ ಕೂಡ ದಾಟಲಾರದು ಎಂದುಕೊಂಡೆ. ಮೈಕಿನ ಮುಂದೆ ಸೊಂಟಕ್ಕೆ ಕೈ ಇಟ್ಟು ನಿಂತು ತಾತನಾದೆ:

‘ಏಯ್! ಕಲ್ಲಂಗಡಿ ಬಂದೈತೆ! ಒಳಗೇನ್ ಮಾಡ್ತಾ ಇದೀರಿ? ಆಚೆಗ್ ಬರ್ರೀ! ಕೆಂಪಗೈತೆ, ತಣ್ಣಗೈತೆ, ತಗಂಡೋಗ್ರೀ! ಒಂದ್ ಸಲ ಏಳಿದ್ರೆ ತಿಳಿಯಾಕಿಲ್ವಾ? ಆಮೇಕೆ ಬಂದು ಸಿಗ್ಲಿಲ್ಲ ಅಂದ್ರೆ ನಾನ್ ಸುಮ್ಕಿರಾಕಿಲ್ಲ!’

ಚಾಚಾ ಸ್ಟೂಲಿನಿಂದ ಎದ್ದೇ ನಿಂತುಬಿಟ್ಟರು. “ಶಭಾಷ್,” ಎಂದರು. “ಇದು.”

ಯುಗಾದಿಗೆ ಇನ್ನು ನಾಲ್ಕು ದಿನ. ನನಗೆ ವಾರದ ರಜೆ. ಮನೆಮುಂದೆ ಹೊಂಗೆಮರ ಪುರಿ ಚೆಲ್ಲಿದ ಹಾಗೆ ಹೂ ಉದುರಿಸಿತ್ತು. ಅಮ್ಮ ಹಬ್ಬದ ಬ್ಲೌಸುಗಳ ರಾಶಿಯ ನಡುವೆ ಕೂತು ಹುಕ್ಕು ಹಾಕುತ್ತಿದ್ದಳು. ನಾನು ಸೂಜಿಗೆ ದಾರ ಪೋಣಿಸಿ ಕೊಡುವ ಒಳ್ಳೆಯ ಮಗನಾಗಿದ್ದೆ. ಆಗ ಬೀದಿಯ ತುದಿಯಿಂದ ಕೇಳಿತು:

‘ಏಯ್!’

ಅಮ್ಮ ಬ್ಲೌಸು ಬಿಸಾಕಿ ಓಡಿಹೋಗಿ ಮೋಟರ್ ಆಫ್ ಮಾಡಿದಳು. ಮೋಟರ್ ಆನ್ ಆಗಿಯೇ ಇರಲಿಲ್ಲ. ಗಾಬರಿಯಲ್ಲಿ ಅವಳು ಒತ್ತಿದ್ದು ಫ್ಯಾನಿನ ಸ್ವಿಚ್ಚು. ಎದುರು ಮನೆಯಾಕೆ ಗೇಟಿಗೆ ಅಡ್ಡ ನಿಲ್ಲಿಸಿದ್ದ ಸ್ಕೂಟಿಯನ್ನು ಸರಸರನೆ ತಳ್ಳತೊಡಗಿದಳು. ಪಕ್ಕದ ಮನೆಯ ಇಬ್ಬರು ಮಕ್ಕಳು ಮೆಟ್ಟಿಲ ಮೇಲಿನ ಚಪ್ಪಲಿಗಳನ್ನು ಎತ್ತಿಕೊಂಡು ಒಳಗೋಡಿದರು.

‘ಕಲ್ಲಂಗಡಿ ಬಂದೈತೆ!’

ಒಬ್ಬೊಬ್ಬರಾಗಿ ಎಲ್ಲರೂ ಪಾತ್ರೆ ಹಿಡಿದು ಆಚೆ ಬಂದರು. ‘ಆಚೆಗ್ ಬರ್ರೀ’ ಎಂದ ಮೇಲೆ ಬಾರದಿರಲು ಆ ಬೀದಿಯಲ್ಲಿ ಯಾರಿಗೂ ಅಭ್ಯಾಸವಿಲ್ಲ. ಗೂಡ್ಸ್ ಆಟೋ ನಮ್ಮ ಮನೆಯ ಮುಂದೆಯೇ ನಿಂತಿತು.

ಮೇಲಿನ ಬಾಲ್ಕನಿಗೆ ತಾತ ಬಂದರು. “ಯಾವನ್ಲಾ ಅದು, ಕಿರುಚ್ತಾ ಇರೋನು?”

‘ಒಳಗೇನ್ ಮಾಡ್ತಾ ಇದೀರಿ?’ ಎಂದಿತು ಸ್ಪೀಕರ್.

“ನನ್ ಮನೇಲಿ ನಾನ್ ಏನಾರ ಮಾಡ್ತೀನಿ!”

‘ಒಂದ್ ಸಲ ಏಳಿದ್ರೆ ತಿಳಿಯಾಕಿಲ್ವಾ?’

ಚಾಚಾ ಬಾಲ್ಕನಿಯನ್ನೊಮ್ಮೆ, ಸ್ಪೀಕರನ್ನೊಮ್ಮೆ ನೋಡಿದರು. ಎದುರು ಮನೆಯಾಕೆ ಪಾತ್ರೆಯನ್ನು ಸೊಂಟಕ್ಕಿಟ್ಟುಕೊಂಡು, “ಏನ್ ತಾತ, ಹೊಸ ಬಿಸ್ನೆಸ್ಸಾ? ಹೇಳ್ಲೇ ಇಲ್ವಲ್ಲ!” ಎಂದಳು. ನಾನು ಬ್ಲೌಸಿನ ರಾಶಿಯ ಹಿಂದೆ ಕುಗ್ಗಿ ಕೂತೆ. ಆದರೆ ಚಾಚಾ ಬಹಳ ಒಳ್ಳೆಯ ಮನುಷ್ಯ, ಕಣ್ಣೂ ಚುರುಕು.

“ಅರೇ ಬೇಟಾ! ನಿಮ್ದು ಮನೆ ಇಲ್ಲೇನಾ? ಏನ್ ದನಿ ಕೊಟ್ಟಿದೀಯ! ಗಂಗಾನಗರದಲ್ಲಿ ಮಧ್ಯಾಹ್ನಕ್ಕೇ ಖಾಲಿ. ಅದಕ್ಕೇ ಇನ್ನೊಂದ್ ಲೋಡ್ ಈ ಕಡೆ ತಂದೆ, ಕಾಲೇಜ್ ಹುಡುಗ್ರು ಜಾಸ್ತಿ ಅಂತ.”

ಅಮ್ಮ ನನ್ನನ್ನು ನೋಡಿದಳು. ಆ ನೋಟವನ್ನು ಮಾತ್ರ ನಾನು ಇವತ್ತಿಗೂ ಅನುಕರಿಸಿಲ್ಲ, ಧೈರ್ಯವಿಲ್ಲ.

ತಾತ ಇಳಿದು ಬಂದರು. ಅಮ್ಮ ಬಾಗಿಲಿಗೆ ಅಡ್ಡ ನಿಂತು, “ಯಜಮಾನ್ರೇ, ಬುದ್ಧಿ ಇಲ್ಲ ಇದಕ್ಕೆ. ಬೆಳೆದಿರೋದು ಬಾಯೊಂದೇ. ನನ್ ಮುಖ ನೋಡಿ ಬಿಟ್ಬಿಡಿ,” ಎಂದಳು. ತಾತ ಅವಳನ್ನು ದಾಟಿ ಗಾಡಿಯ ಹತ್ತಿರ ಹೋಗಿ, “ಇನ್ನೊಂದ್ ಸಲ ಆಕು,” ಎಂದರು. ಕೇಳಿದರು. “ಇನ್ನೊಂದ್ ಸಲ.” ಮೂರನೆಯ ಸಲ ಕೇಳಿದ ಮೇಲೆ ನನ್ನ ಕಡೆ ತಿರುಗಿದರು.

“ಇಂಗಾ ಕೂಗೋದು ಅಣ್ಣ್ ಮಾರಕ್ಕೆ?”

ನಾನು ಅಮ್ಮನ ಹಿಂದೆ ಸರಿದೆ.

“ನಮ್ಮಪ್ಪಂದು ಸೀಬೆ ತೋಟ ಇತ್ತು ಕಣ್ಲಾ. ನಿನ್ನಷ್ಟಿದ್ದಾಗ ಮಂಕ್ರಿ ಒತ್ಕಂಡು ಯಶವಂತಪುರಕ್ಕೋಗಿ ಕೂಗಿದೀನಿ ನಾನು. ಅಣ್ಣ್ ಮಾರೋನು ಗದರಾಕಿಲ್ಲ, ಕರೀತಾನೆ. ನನ್ ದನೀಲಿ ಮಾರೋದಾದ್ರೆ ಸರ್ಯಾಗ್ ಮಾರು. ನಾಳೆ ಕರ್ಕಂಡೋಗು ನಿನ್ ಅಂಗ್ಡೀಗೆ. ನಾನೇ ಕೂಗ್ತೀನಿ.”

ರಾತ್ರಿಯೂಟಕ್ಕೆ ಅಮ್ಮ ನನ್ನೊಡನೆ ಮಾತಾಡಲಿಲ್ಲ. ಅಪ್ಪನ ಕೈಯಲ್ಲಿ ಹೇಳಿಸಿದಳು: ತಾತನಿಗೆ ನಾಳೆ ಬೇಸರವಾಗುವ ಹಾಗೆ ಏನಾದರೂ ನಡೆದರೆ, ಮನೆ ಹುಡುಕಲು ನಾನೇ ಹೋಗಬೇಕಂತೆ.

ಮರುದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ತಾತ ನನ್ನ ಸ್ಕೂಟರಿನ ಹಿಂದೆ ಕೂತರು. ಚಾಚಾಗೂ ಫೋನ್ ಮಾಡಿ ಕರೆಸಿದ್ದೆ. ಮೈಕಿನ ಕೆಂಪು ದೀಪ ಹತ್ತಿತು. ತಾತ ಅಂಗಿ ಸರಿಮಾಡಿಕೊಂಡು ಗಂಟಲು ಸರಿಮಾಡಿಕೊಂಡರು.

“ಹಾತ್ಮೀಯ ಮಹಾಜನಗಳೇ. ಕಲ್ಲಂಗಡಿ ಹಣ್ಣು ಹಾಗಮಿಸಿದೆ. ದಯಮಾಡಿ ತಾವೆಲ್ಲರೂ...”

ಜೀವಮಾನವಿಡೀ ಉಳಿಸಿಟ್ಟ ಹಕಾರಗಳನ್ನೆಲ್ಲ ಅವರು ಒಂದೇ ಸಲಕ್ಕೆ ಖರ್ಚು ಮಾಡುತ್ತಿದ್ದರು. ನಾನು ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡೆ.

“ತಾತ, ಅಷ್ಟೊಂದು ಮರ್ಯಾದೆ ಬೇಡ. ಮನೇಲಿ ಕೂಗ್ತೀರಲ್ಲ, ಹಂಗೆ.”

“ಮನೇಲೆಂಗೆ ಕೂಗ್ತೀನಿ ನಾನು?”

ಅವರು ನಿಜಕ್ಕೂ ಕೇಳುತ್ತಿದ್ದರು. ಕೂಗಿ ತೋರಿಸಿದೆ. ಅವರು ನನ್ನನ್ನು ನೋಡಿ ಹಾಗೆಯೇ ಮಾಡಲು ಹೋದರು. ಅವರನ್ನು ಅನುಕರಿಸುವ ನನ್ನನ್ನು ಅವರು ಅನುಕರಿಸಿ, ಅದು ಇಬ್ಬರ ಹಾಗೂ ಇಲ್ಲದೆ, ನಮ್ಮ ಅತ್ತೆಯ ಹಾಗೆ ಬಂತು. ಕೊನೆಗೆ ಅವರೇ ಕೈಯೆತ್ತಿ, “ಇರು,” ಎಂದು ಕಣ್ಣು ಮುಚ್ಚಿದರು. ಹಳೆಯ ಕೂಗೊಂದನ್ನು ಎತ್ತಿದರು. ಸಣ್ಣ ದನಿ, ರಾಗದಂಥದ್ದು, ಕೊನೆಯಲ್ಲಿ ಮೇಲಕ್ಕೆ ಏಳುವಂಥದ್ದು. ತಲೆಯ ಮೇಲೆ ಹಣ್ಣಿನ ಮಂಕರಿ ಹೊತ್ತವನು ನಿಂತು ನಿಂತು ಉಸಿರು ತೆಗೆದುಕೊಳ್ಳುವುದೂ ಅದರಲ್ಲಿತ್ತು. ನನ್ನ ಸಂಗ್ರಹದಲ್ಲಿ ಅದು ಇರಲಿಲ್ಲ. ಪೆನ್‌ಡ್ರೈವಿಗೆ ಹಾಕುವ ಮೊದಲು ಚಾಚಾಗೆ ಕೇಳಿಸಿದೆ.

ಚಾಚಾ ಬಹಳ ಹೊತ್ತು ಗಡ್ಡ ನೀವಿಕೊಂಡರು. “ಚೆನ್ನಾಗೈತೆ ಸಾಬ್. ದಿಲ್‌ಗೆ ಮುಟ್ತದೆ. ಆದ್ರೆ ಇದು ಕೇಳ್ಕೊಂಡು ಜನ ಮನೇಲೇ ಕೂತ್ಕೋತಾರೆ. ಹಳೇದೇ ಇರ್ಲಿ. ಅದಕ್ಕಾದ್ರೆ ಹೆದ್ರಿ ಎದ್ದು ಬರ್ತಾರೆ.”

ಅಸಲಿ ತಾತನನ್ನು ಬಿಟ್ಟು ನಕಲಿ ತಾತನನ್ನು ಜೇಬಿಗೆ ಹಾಕಿಕೊಂಡು ಚಾಚಾ ಹೊರಟುಹೋದರು. ನಮ್ಮ ಮನೆಯೂ ಅವರ ಜೇಬಿನಲ್ಲೇ ಹೋಯಿತು ಎಂದುಕೊಂಡೆ.

ವಾಪಸು ದಾರಿಯಲ್ಲಿ ಗುಂಡಿಗೆ ಸ್ಕೂಟರ್ ಇಳಿಸಿದರೂ ತಾತ ಬೈಯಲಿಲ್ಲ. ಬೈಯಲಿ ಎಂದೇ ಇನ್ನೊಂದು ಗುಂಡಿಗೆ ಇಳಿಸಿದೆ. ಊಹೂಂ. ಗೇಟಿನ ಹತ್ತಿರ ಇಳಿದವರು, “ನಿಮ್ಮವ್ವನ್ನ ಕರಿ,” ಎಂದರು.

ಅಮ್ಮ ಕತ್ತಿಗೆ ಅಳತೆ ಟೇಪು ಹಾಕಿಕೊಂಡೇ ಬಂದಳು.

“ನಾನ್ ಕೂಗಿದ್ರೆ ಎದರ್ಕಂತೀಯೇನಮ್ಮ ನೀನು?”

ಅಮ್ಮ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಇಲ್ಲ ಎಂದುಬಿಡು ಎಂದು ನಾನು ಹಿಂದಿನಿಂದ ಕಣ್ಣಲ್ಲೇ ಹೇಳುತ್ತಿದ್ದೆ.

“ಮೊದ್ಲನೇ ವರ್ಷ ಹೆದ್ರ್ಕೊಂಡಿದ್ದೆ ಯಜಮಾನ್ರೇ. ಈಗ ನೀವು ಕೂಗ್ದೇ ಇದ್ರೆ ಹೆದ್ರಿಕೆ ಆಗತ್ತೆ. ಸಂಕ್ರಾಂತಿ ಆದ್ಮೇಲೆ ಎರಡು ದಿನ ನಿಮ್ ದನೀನೇ ಇರ್ಲಿಲ್ಲ. ನಂಗೆ ತಡೀಲಿಲ್ಲ, ಮೇಲೆ ಬಂದು ನೋಡ್ಕೊಂಡ್ ಬಂದೆ.”

“ಜ್ವರ ಬಂದಿತ್ತು,” ಎಂದರು ತಾತ. ಆಮೇಲೆ, “ನೀನು ಸೊಸೆ ಬ್ಲೌಸ್ ಕೊಡಕ್ಕೆ ಅಂತ ಬಂದಿದ್ಯಲ್ಲಮ್ಮ?”

“ಬ್ಲೌಸು ಒಂದ್ ವಾರದ ಮುಂಚೇನೇ ರೆಡಿ ಇತ್ತು.”

ತಾತ ಹೊಂಗೆಮರದ ಕಡೆ ನೋಡುತ್ತ ನಿಂತರು. ಅಂಗಿಯ ಮೇಲೆ ಬಿದ್ದ ಹೂವನ್ನು ಕೊಡವಿಕೊಳ್ಳಲಿಲ್ಲ. ಆಮೇಲೆ ತಲೆ ಮೇಲೆತ್ತಿ, ಮೈಕಿನ ಮುಂದೆ ಬಾರದಿದ್ದ ಆ ದನಿಯಲ್ಲಿ ಮಗನಿಗೆ ಕೂಗಿದರು.

“ಲೋ! ಪಿಜಿ ಗೀಜಿ ಏನೂ ಬ್ಯಾಡ! ಆ ಐಕ್ಳು ಕಿವೀಗೆ ಅದೇನೋ ತುರುಕ್ಕಂಡಿರ್ತವೆ, ನಾನ್ ಕೂಗಿದ್ರೂ ಕೇಳಾಕಿಲ್ಲ, ಕೂಗ್ದಿದ್ರೂ ಕೇಳಾಕಿಲ್ಲ! ಇವ್ರೇ ಇರ್ಲಿ! ಅಗ್ರಿಮೆಂಟ್ ಬರ್ಸು!”

ಮೇಲೆ ಬಾಗಿಲು ತೆಗೆಯುವ ಸದ್ದಿಲ್ಲ. ಒಳಗಿನಿಂದಲೇ ಮಗನ ದನಿ ಕೇಳಿತು:

“ಈಗ ಕೂಗಿದ್ದು ನೀನಾ ಅಪ್ಪಾ, ಕೆಳಗಡೆ ಹುಡುಗನಾ?”

“ನಾನೇ ಕಣ್ಲಾ!”

“ಅವ್ನೂ ಹಂಗೇ ಅಂತಾನೆ.”

ತಾತ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಅವರು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋದರು, ತಾವು ತಾವೇ ಎಂದು ಸ್ವಂತ ಮಗನಿಗೆ ಖುದ್ದಾಗಿ ತೋರಿಸಲು.

ಯುಗಾದಿಯ ಮಾರನೆಯ ದಿನ ತಾತನ ಸೊಸೆ ಅಗ್ರಿಮೆಂಟಿನ ಕಾಗದವನ್ನು ನನ್ನ ಕೈಯಲ್ಲಿ ಕೊಟ್ಟು ಕಳಿಸಿದಳು. ಅಮ್ಮ ಕೈ ಒರೆಸಿಕೊಂಡು ಅದನ್ನು ಬೆಳಕಿಗೆ ಹಿಡಿದು ಓದಿದಳು. ಕೊನೆಯ ಪುಟದಲ್ಲಿ ತಾತನ ವಕ್ರವಕ್ರ ಅಕ್ಷರ. ಅಮ್ಮ ಅದನ್ನು ನೋಡಿ, ನನ್ನ ಮುಖ ನೋಡಿ, ಮತ್ತೆ ಕಾಗದ ನೋಡಿದಳು.

“ಸಹಿ ಅವ್ರದ್ದೇ ತಾನೆ?”