ಮದುವೆಯ ವಾರದ ಕಂತು

ಕೆಲವು ವಿವರಗಳು ತಪ್ಪಿರಬಹುದು. ಅಮ್ಮ ಆ ಕಾದಂಬರಿ ಓದಿ ಹೇಳುತ್ತಿದ್ದಾಗ ನನಗೆ ಎಂಟು ವರ್ಷವೋ ಹತ್ತೋ, ಗೊತ್ತಿಲ್ಲ. ನೇಪರ್‌ವಿಲ್‌ನ ಮನೆಯಲ್ಲಿ ಬಟ್ಟೆ ಮಡಿಸುತ್ತಾ ಓದುತ್ತಿದ್ದಳು ಎಂದು ನೆನಪು. ಬಟ್ಟೆ ಮಡಿಸುವವಳು ಪುಸ್ತಕ ಹಿಡಿಯುವುದು ಹೇಗೆ?

ಅದು ಅಂಗಡಿಯ ಪುಸ್ತಕವಲ್ಲ. ಮೈಸೂರಿನಲ್ಲಿದ್ದಾಗ ಅಮ್ಮ ಮತ್ತು ಚಿಕ್ಕಮ್ಮ ವಾರಪತ್ರಿಕೆಯಿಂದ ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ ಕೂಡಿಟ್ಟು, ಮುಗಿದ ಮೇಲೆ ಚಿಕ್ಕಮ್ಮ ಬೈಂಡ್ ಮಾಡಿಸಿದ್ದು. ಹಳೆಯ ಕಾಲದ ಅರಮನೆ, ಬಟ್ಟೆಗೆ ಬಣ್ಣ ಹಾಕುವ ಹೆಣ್ಣು, ಅವಳನ್ನು ಪ್ರೀತಿಸಿದ ಒಬ್ಬ ಕುದುರೆ ಸವಾರ. ಜೊತೆಗೆ ಒಂದು ಮಾಯದ ದೀಪ. ಅದರ ಬೆಳಕು ಬಿದ್ದವರು ತಾವು ಪ್ರೀತಿಸಿದವರನ್ನು ಮರೆತುಬಿಡುತ್ತಾರೆ. ಅವನಾದರೂ ನೆಮ್ಮದಿಯಾಗಿರಲಿ ಎಂದು ಅವಳೇ ಅದನ್ನು ಹಚ್ಚಿ, ಮಲಗಿದ್ದ ಅವನ ಮುಖದ ಹತ್ತಿರ ಹಿಡಿಯುತ್ತಾಳೆ. ಆ ಕಂತು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಅಮ್ಮ ಹೋಗಿ ಐದು ವಾರ. ಅಳು ಬಂದಿಲ್ಲ. ಬ್ಯಾಂಕಿಗೆ, ಇನ್ಶೂರೆನ್ಸಿಗೆ, ಅವಳ ಡಾಕ್ಟರಿಗೆ ಫೋನ್ ಮಾಡಿ ಒಂದೇ ವಾಕ್ಯ ಹೇಳಿದೆ. ಅವಳ ಕಪಾಟಿನಲ್ಲಿ ಆ ಪುಸ್ತಕ ಸಿಕ್ಕಾಗಲೂ ಏನೂ ಆಗಲಿಲ್ಲ. ಕೂತು ಓದಿದೆ. ಹದಿನಾರನೇ ಕಂತಾದ ಮೇಲೆ ಹದಿನೆಂಟು. ಅಷ್ಟರಲ್ಲಿ ಅವನು ಅವಳನ್ನು ಮರೆತಾಗಿದೆ. ದೀಪ ಹಚ್ಚುವ ಪುಟ ಎಲ್ಲೂ ಇಲ್ಲ.

ಶನಿವಾರ ಚಿಕ್ಕಮ್ಮನ ಮನೆಗೆ, ಕ್ಯಾಂಟನ್‌ಗೆ, ಡ್ರೈವ್ ಮಾಡಿದೆ. ಮಿಶಿಗನ್ನಿನಲ್ಲಿ ಗಡಿಯಾರ ನಮಗಿಂತ ಒಂದು ಗಂಟೆ ಮುಂದಿರುತ್ತದೆ ಎಂಬುದನ್ನು ಎಂದಿನಂತೆ ಮರೆತಿದ್ದೆ.

"ಎರಡು ಸಲ ಬಿಸಿ ಮಾಡಿದೀನಿ. ಇನ್ನು ಅದು ಸಾರಲ್ಲ, ಕಷಾಯ" ಎಂದಳು ಚಿಕ್ಕಮ್ಮ.

ಊಟದ ನಡುವೆಯೇ ಪುಸ್ತಕ ತೆಗೆದೆ. ಹದಿನೇಳನೇ ಕಂತು ಬಂದ ವಾರ ಅಮ್ಮನ ಮದುವೆಯಂತೆ. ಮನೆಯವರೆಲ್ಲ ಛತ್ರದಲ್ಲಿದ್ದರು, ಪತ್ರಿಕೆ ತರಲು ಯಾರಿಗೂ ನೆನಪಾಗಲಿಲ್ಲ. ಆಮೇಲೆ ಚಿಕ್ಕಮ್ಮ ಪಕ್ಕದ ಮನೆಯಲ್ಲಿ ಓದಿದಳು. ಅವರೂ ಬೈಂಡ್ ಮಾಡಿಸುವವರೇ ಆದ್ದರಿಂದ ಕತ್ತರಿಸಿ ತರುವ ಹಾಗಿರಲಿಲ್ಲ. ಅಮ್ಮ ಅದನ್ನು ಓದಲೇ ಇಲ್ಲ.

ನಾನು ದೀಪದ ಕಥೆ ಹೇಳಿದೆ. ಚಿಕ್ಕಮ್ಮ ನಕ್ಕಳು. "ಅವಳ್ಯಾಕೆ ಹಚ್ತಾಳೆ? ಹೊಟ್ಟೆಕಿಚ್ಚಿಗೆ ರಾಣಿ ಹಚ್ಚಿಸ್ತಾಳೆ. ಇವಳಿಗೆ ಗೊತ್ತೇ ಇರಲ್ಲ."

"ಅಮ್ಮ ಹಾಗೇ ಹೇಳ್ತಿದ್ಲು."

ಕಥೆ ತಿರುಚಿದ್ದು ನನ್ನ ನೆನಪೇ ಇರಬಹುದು. ಚಿಕ್ಕಮ್ಮ ಹಾಗೆನ್ನಲಿಲ್ಲ. "ಆ ಕಂತಲ್ಲಿ ಏನಾಯ್ತು ಅಂತ ಹೇಳ್ತೀನಿ ಬಾರೇ ಅಂದ್ರೆ, ಬೇಡ, ನಂಗೊತ್ತು ಅಂದ್ಲು ನಿಮ್ಮಮ್ಮ" ಎಂದಳು. ತಟ್ಟೆಗಳನ್ನು ಎತ್ತಿಕೊಂಡು ಸಿಂಕಿನ ಕಡೆ ಹೋದಳು.

ಅವಳ ಬೆನ್ನಿಗೆ ಒಂದು ಪ್ರಶ್ನೆ ಕೇಳಿದೆ. ನಲ್ಲಿ ತಿರುಗಿಸಿದಳು. ಹೊರಡುವಾಗ ಮೊಸರನ್ನದ ಡಬ್ಬಿ ಕೊಟ್ಟು, ಎಕ್ಸಿಟ್ ಹತ್ತಿರ ರಸ್ತೆ ರಿಪೇರಿ ಇದೆ, ನೋಡ್ಕೊಂಡು ಹೋಗು ಎಂದಳು. ಮನೆಗೆ ಬಂದು ಅದೇ ಪ್ರಶ್ನೆಯನ್ನು ಮೆಸೇಜ್ ಮಾಡಿದೆ. ನೋಡಿದ್ದಾಳೆ. ಹನ್ನೊಂದು ದಿನವಾಯಿತು.

"ಚಿಕ್ಕಮ್ಮ, ಮದುವೆಗೆ ಮುಂಚೆ ಅಮ್ಮ ಯಾರನ್ನಾದ್ರೂ ಇಷ್ಟಪಟ್ಟಿದ್ಲಾ?"