ರಬ್ಬರಿಲ್ಲದ ಪೆನ್ಸಿಲ್

ಕಳೆದ ಶನಿವಾರ ಬೆಳಿಗ್ಗೆ ಜಾರ್ಜ್‌ಟೌನಿನ ನಮ್ಮ ಮನೆಯ ಮೇಲೆ ಮೋಡ ಕವಿದಿತ್ತು. ಟೆಕ್ಸಸ್ಸಿನ ಮೋಡ ದೂರದ ನೆಂಟರಿದ್ದ ಹಾಗೆ. ಬಂದೆ ಬಂದೆ ಎಂದು ಹೇಳಿ ಸೀದಾ ಡಾಲಸ್ಸಿಗೆ ಹೋಗಿಬಿಡುತ್ತದೆ. ಆದರೂ ಇರಲಿ ಎಂದು ಬೀರುವಿನ ಮೂಲೆಯಿಂದ ಹಳೆಯ ರೇನ್‌ಕೋಟ್ ಎಳೆದು ಜೇಬಿಗೆ ಕೈ ಹಾಕಿದೆ. ಘಮ್ಮೆಂದಿತು. ಶೇಂಗಾ ಚಟ್ನಿಪುಡಿ! ನಾಲ್ಕು ವರ್ಷದ ಹಿಂದಿನದು. ಕೋಟನ್ನು ಮೂರು ಸಲ ಒಗೆದಿದ್ದೇನೆ, ದೇವರಾಣೆ. ಬೆಳ್ಳುಳ್ಳಿಗಿರುವ ಜ್ಞಾಪಕಶಕ್ತಿ ನನಗಿದ್ದಿದ್ದರೆ ಕನ್ನಡಕಕ್ಕಾಗಿ ದಿನಾ ಮನೆಯೆಲ್ಲ ತಡಕಾಡಬೇಕಾಗಿರಲಿಲ್ಲ.

ಪುಡಿಯ ಜೊತೆಗೇ ಬೆರಳಿಗೆ ಸಿಕ್ಕಿದ್ದು ಒಂದು ಮೋಟು ಪೆನ್ಸಿಲ್. ಗಾಲ್ಫ್ ಕೋರ್ಸುಗಳಲ್ಲಿ ಸ್ಕೋರ್ ಬರೆದುಕೊಳ್ಳಲು ಪುಕ್ಕಟೆ ಕೊಡುತ್ತಾರಲ್ಲ, ಅದು. ನೀವು ಗಮನಿಸಿದ್ದೀರೋ ಇಲ್ಲವೋ, ಅದರ ಹಿಂಬದಿಗೆ ರಬ್ಬರ್ ಇರುವುದಿಲ್ಲ. ಪಾಟೀಲರು ಹೇಳುವ ತನಕ ನಾನೂ ಗಮನಿಸಿರಲಿಲ್ಲ.

ಮೈಸೂರಿನ ಈ ಹೆಂಗಸಿಗೆ ಗಾಲ್ಫ್ ಎಲ್ಲಿಂದ ಗಂಟುಬಿತ್ತು ಎಂದು ನೀವು ಕೇಳುವುದು ನ್ಯಾಯವೇ. ನಮ್ಮ ಮನೆಯವರು ಶ್ರೀಧರ್ ಪ್ರತಿ ಶನಿವಾರ ಐದು ಗಂಟೆ ಹೊತ್ತು ನಾಪತ್ತೆಯಾಗುತ್ತಿದ್ದರು. ಅಲ್ಲಿ ಅಂಥದ್ದೇನಿದೆ ನೋಡಿಯೇಬಿಡೋಣ ಎಂದು ಒಂದು ದಿನ ಹಿಂದೆಯೇ ಹೋದೆ. ಏನೂ ಇರಲಿಲ್ಲ. ಬೆಳೆದ ಗಂಡಸರು ಒಂದು ಸಣ್ಣ ಚೆಂಡನ್ನು ಬೈಯುತ್ತಾ, ಹುಲ್ಲಿನಲ್ಲಿ ಅದನ್ನೇ ಹುಡುಕುತ್ತಾ ಓಡಾಡುತ್ತಿದ್ದರು. ಬೈಯುವುದು, ಹುಡುಕುವುದು ಎರಡೂ ನನಗೆ ಚೆನ್ನಾಗಿ ಬರುತ್ತವೆ. ಸೇರಿಕೊಂಡೆ.

ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯಿಂದ ಸೇರಿ ನಾವು ಎಂಟು ಜನ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಊರಿನಲ್ಲಿ ಆಟ, ಆಮೇಲೆ ಯಾರದ್ದಾದರೂ ಮನೆಯಲ್ಲಿ ಬಿಸಿಬೇಳೆಭಾತ್. ನಮ್ಮ ಆಟಕ್ಕೆ ಒಂದು ಸಂಪ್ರದಾಯವಿತ್ತು. ಚೆಂಡು ಕುಳಿಯ ಹತ್ತಿರ ಬಂತೆನ್ನಿ. ಅದನ್ನು ಮೆಲ್ಲಗೆ ತಳ್ಳಿ ಒಳಗೆ ಬೀಳಿಸುವುದೇ ಗಾಲ್ಫಿನಲ್ಲಿ ಕಷ್ಟದ ಕೆಲಸ. ಎಷ್ಟು ಕಡಿಮೆ ಹೊಡೆತಕ್ಕೆ ಬೀಳುತ್ತದೋ ಅಷ್ಟು ಒಳ್ಳೆಯ ಆಟ. ಆಗ ಪಕ್ಕದವರು ಧಾರಾಳವಾಗಿ, "ಇರ್ಲಿ ಬಿಡಿ, ಬಿತ್ತು ಅಂದ್ಕೊಳ್ಳಿ" ಎನ್ನುತ್ತಿದ್ದರು. ಚೆಂಡು ಎತ್ತಿ ಜೇಬಿಗೆ. ಮುಂದಿನ ಸಲ ಅವರ ಚೆಂಡು ನಿಂತಾಗ ನಾವು "ಇರ್ಲಿ ಬಿಡಿ" ಎನ್ನದಿದ್ದರೆ ಮರ್ಯಾದೆಯೇ? ಊಟಕ್ಕೆ ಕೂತವರಿಗೆ ಇನ್ನೊಂದು ಹೋಳಿಗೆ ಬಡಿಸುವಂಥ ಉಪಚಾರ ಇದು. ಮೊದಮೊದಲು ಗೇಣಿನ ದೂರಕ್ಕೆ ಹೇಳುತ್ತಿದ್ದದ್ದು ಬರಬರುತ್ತಾ ಮಂಚದುದ್ದಕ್ಕೂ ಹೇಳುವಂತಾಯಿತು.

ಉಪಚಾರ ಒಪ್ಪದವರು ಒಬ್ಬರೇ, ಹ್ಯೂಸ್ಟನ್ನಿನ ಪಾಟೀಲರು. ಹುಬ್ಬಳ್ಳಿಯವರು, ಎಪ್ಪತ್ತು ದಾಟಿದವರು, ಟೈಲ್ಸ್ ಅಂಗಡಿ ಇಟ್ಟವರು. ನನಗಿಂತ ಹದಿನೈದು ವರ್ಷ ದೊಡ್ಡವರಾದರೂ ನನ್ನನ್ನು "ಅಕ್ಕಾರ" ಎಂದೇ ಕರೆಯುವ ಮನುಷ್ಯ. ಎರಡಿಂಚು ದೂರದ ಚೆಂಡಿಗೂ ಬಗ್ಗಿ, ಕಣ್ಣು ಕಿರಿದು ಮಾಡಿ, ಮೊಣಕಾಲು ಲಟಕ್ಕೆನಿಸಿ, ತಳ್ಳಿ, ಬಿತ್ತೆಂದು ಖಾತ್ರಿಯಾದ ಮೇಲೇ ಏಳುತ್ತಿದ್ದರು. ನಾವೆಲ್ಲ ಬಿಸಿಲಲ್ಲಿ ಬೇಯುತ್ತಾ, "ಜಡ್ಜ್ ಸಾಹೇಬ್ರ ತೀರ್ಪು ಆಯ್ತಾ?" ಎಂದು ಚುಡಾಯಿಸುತ್ತಿದ್ದೆವು. ಅವರು ನಕ್ಕು, "ಆತ್ರಿ, ಏಳು ಬರಕೊಳ್ರಿ" ಎನ್ನುತ್ತಿದ್ದರು.

ಐರ್ಲೆಂಡಿನ ಹುಚ್ಚು ಶುರುವಾದದ್ದೂ ಅವರಿಂದಲೇ. ಅವರ ಅಂಗಡಿಯ ಗೋಡೆಗೆ ಟೈಲ್ಸ್ ಕಂಪನಿಯೊಂದು ಕೊಟ್ಟ ಕ್ಯಾಲೆಂಡರ್ ಇತ್ತು. ಜುಲೈ ತಿಂಗಳ ಪುಟದಲ್ಲಿ ಐರ್ಲೆಂಡಿನ ಕಡಲ ದಂಡೆಯ ಗಾಲ್ಫ್ ಕೋರ್ಸ್. ಒಂದೂ ಮರವಿಲ್ಲ, ಮರಳು ದಿಬ್ಬ, ಗಾಳಿಗೆ ಮಲಗಿದ ಹುಲ್ಲು, ಅದರಾಚೆ ಸಮುದ್ರ. ಲಿಂಕ್ಸ್ ಎನ್ನುತ್ತಾರೆ ಇಂಥವನ್ನು. ವರ್ಷ ಮುಗಿದರೂ ಪಾಟೀಲರು ಆ ಪುಟ ತಿರುವಲಿಲ್ಲ. "ನಮ್ಮ ಅಂಗಡ್ಯಾಗ ಹತ್ತ ವರ್ಷದಿಂದ ಜುಲೈನ ನಡದೈತ್ರಿ" ಎಂದು ಅವರ ಹೆಂಡತಿ ಗಿರಿಜಾ ಆಂಟಿ ನಗುತ್ತಿದ್ದರು. ಒಂದು ದಿನ ಊಟದ ಮಧ್ಯೆ ಪಾಟೀಲರು ಸಹಜವಾಗಿ ಹೇಳಿದರು: "ಡಾಕ್ಟರು ಅಕ್ಟೋಬರಿಗೆ ಮೊಣಕಾಲು ಬದ್ಲಿ ಮಾಡ್ತಾರಂತ. ಅಲ್ಲಿ ಕಾರ್ಟ್ ಇಲ್ಲ, ಪೂರಾ ನಡೀಬೇಕು. ಹೋಗೂದಿದ್ರ ಈ ಬ್ಯಾಸಗಿಗೇ ಹೋಗ್ಬೇಕು. ಇಲ್ಲಂದ್ರ ಇಲ್ಲ."

ಮುಗಿಯಿತು. ಕನ್ನಡಿಗರಿಗೆ ಪರೋಪಕಾರದ ಹುರುಪು ಬಂದರೆ ಮೊದಲು ಆಗುವುದು ವಾಟ್ಸ್ಯಾಪ್ ಗುಂಪು. "ಐರ್ಲೆಂಡ್ ದಂಡಯಾತ್ರೆ" ಎಂದು ಹೆಸರಿಟ್ಟು, ನನ್ನನ್ನು ವ್ಯವಸ್ಥಾಪಕಿ ಮಾಡಿದರು. ತಾರೀಖು ಗೊತ್ತುಮಾಡಲು ಮೂರು ವಾರ ಹಿಡಿಯಿತು. ಒಬ್ಬರ ಮಗಳ ಗ್ರಾಜುಯೇಷನ್, ಇನ್ನೊಬ್ಬರದು ಡಾಲಸ್ ಬಳಿಯ ಲಿಟಲ್ ಎಲ್ಮ್‌ನಲ್ಲಿ ಗೃಹಪ್ರವೇಶ, ಅದು ಮುಗಿದರೆ ವರಮಹಾಲಕ್ಷ್ಮಿ. ಡಾಲಸ್ ಕಡೆಯ ಪ್ರಕಾಶ ನಮ್ಮಲ್ಲಿ ಕಿರಿಯ, ಸಾಫ್ಟ್‌ವೇರಿನವನು. "ಅಕ್ಕ, ನಮ್ ಟೀ ಟೈಮು ರಾಹುಕಾಲದಲ್ಲಿ ಬರುತ್ತಾ?" ಎಂದು ಕೇಳಿದ. ಟೀ ಟೈಮೆಂದರೆ ಚಹಾದ ಹೊತ್ತಲ್ಲ, ಆಟ ಶುರುಮಾಡಲು ಕೊಟ್ಟ ಹೊತ್ತು. ಅಲ್ಲಿ ಬೇಸಿಗೆಯಲ್ಲಿ ಹಗಲು ಹದಿನೇಳು ಗಂಟೆಯಂತೆ. ಆದ್ದರಿಂದ ರಾಹುಕಾಲವೂ ಎರಡು ಗಂಟೆ ಮೀರುತ್ತದೆಂದು ಅವನೇ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ ಗುಂಪಿಗೆ ಕಳಿಸಿದ. ರಾಹುವಿಗೂ ಓವರ್‌ಟೈಮ್!

ನಮ್ಮ ಮನೆಯಲ್ಲಿ ಬೇರೆಯದೇ ನಾಟಕ. ಅಲ್ಲಿ ಮಳೆ ಅಡ್ಡಡ್ಡಲಾಗಿ ಹೊಡೆಯುತ್ತದೆ ಎಂದು ಓದಿದ ಶ್ರೀಧರ್ ಮೈತುಂಬ ಮಳೆಯಂಗಿ, ಮಳೆಪ್ಯಾಂಟು, ಟೋಪಿ ತರಿಸಿಕೊಂಡರು. ಆದರೆ ಪರೀಕ್ಷೆ ಮಾಡಲು ಟೆಕ್ಸಸ್ಸಿನಲ್ಲಿ ಮಳೆ ಬೇಕಲ್ಲ? ಎಲ್ಲ ತೊಟ್ಟು, ಕೈಯಲ್ಲಿ ಗಾಲ್ಫ್ ಕೋಲು ಹಿಡಿದು ಬಚ್ಚಲಿನ ಶವರ್ ಕೆಳಗೆ ನಿಂತುಬಿಟ್ಟರು. ಕಾಲೇಜಿನಿಂದ ಬಂದಿದ್ದ ಮಗ ಬಾಗಿಲು ತೆರೆದವನು, ಮೆಲ್ಲಗೆ ಮುಚ್ಚಿ ಅಡುಗೆಮನೆಗೆ ಬಂದು ಕೇಳಿದ: "ಅಮ್ಮಾ, ಈಸ್ ಡ್ಯಾಡ್ ಓಕೆ?" ನಾನು ಒಗ್ಗರಣೆ ಕೈಬಿಡದೆ, "ಗೊತ್ತಿಲ್ಲ ಕಣೋ, ಮದುವೆ ಆದಾಗಿಂದ ಹೀಗೇ ಇದ್ದಾರೆ" ಎಂದೆ.

ಇಷ್ಟೆಲ್ಲ ಆಗಿ, ಕಡಲ ದಂಡೆಯ ಒಂದು ಬಲು ಹೆಸರುವಾಸಿ ಕೋರ್ಸಿನಲ್ಲಿ ಜಾಗವೂ ಸಿಕ್ಕ ಮೇಲೆ ಆ ಕ್ಲಬ್ಬಿನಿಂದ ಈಮೇಲ್ ಬಂತು. ಎಲ್ಲರೂ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಕಳಿಸಬೇಕು. ಹ್ಯಾಂಡಿಕ್ಯಾಪ್ ಎಂದರೆ ನೀವು ಎಷ್ಟು ಕೆಟ್ಟದಾಗಿ ಆಡುತ್ತೀರಿ ಎನ್ನುವ ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ಆಟ ಕೆಟ್ಟದು. ಆಡಿದ ಸ್ಕೋರ್ ಕಾರ್ಡುಗಳನ್ನು ಹಾಕುತ್ತಾ ಹೋದರೆ ಫೋನೇ ಲೆಕ್ಕ ಮಾಡಿ ಹೇಳುತ್ತದೆ. ಗಂಡಸರಿಗೆ ಮಿತಿ ಇಪ್ಪತ್ತೆಂಟು, ಹೆಂಗಸರಿಗೆ ಮೂವತ್ತಾರು. ಪ್ರಕಾಶನದು ಹದಿನಾರು. ಶ್ರೀಧರರದು ಹದಿನೆಂಟು. ನನ್ನದು ಇಪ್ಪತ್ತೊಂಬತ್ತು. ಉಳಿದವರೂ ಆರಾಮಾಗಿ ಒಳಗಿದ್ದರು. ಪಾಟೀಲರದು ಮೂವತ್ತೊಂದು.

ಯಾರಿಗಾಗಿ ಹೊರಟಿದ್ದೆವೋ ಅವರೊಬ್ಬರಿಗೇ ಬಾಗಿಲು ಮುಚ್ಚಿತ್ತು.

"ಒಂದೆರಡು ಒಳ್ಳೆ ಕಾರ್ಡ್ ನಾನೇ ಹಾಕ್ಬಿಡ್ತೀನಿ ಅಂಕಲ್, ಯಾರು ನೋಡ್ತಾರೆ?" ಎಂದ ಪ್ರಕಾಶ. "ಬ್ಯಾಡಪಾ. ಆಡಿ ಇಳಸ್ತೀನಿ" ಎಂದರು ಪಾಟೀಲರು. ಸುಮ್ಮನೆ ಅನ್ನಲಿಲ್ಲ. ಗಿರಿಜಾ ಆಂಟಿ ಹೇಳಿದ ಪ್ರಕಾರ, ಅಂಗಡಿಯಲ್ಲಿ ಟೈಲ್ಸ್ ಸ್ಯಾಂಪಲ್ಲುಗಳ ನಡುವೆ ಲೋಟ ಮಲಗಿಸಿ ಅದರೊಳಗೆ ಚೆಂಡು ತಳ್ಳುತ್ತಿದ್ದರಂತೆ. ಗಿರಾಕಿಗಳು ದಾಟಿಕೊಂಡು ಹೋಗುತ್ತಿದ್ದರಂತೆ. ಎರಡು ಆಟ ಚೆನ್ನಾಗಿಯೇ ಆಡಿದರು. ಕಡೆಯ ಆಟದಲ್ಲಿ ಒಟ್ಟು ತೊಂಬತ್ತೆಂಟು ಹೊಡೆತಗಳೊಳಗೆ ಮುಗಿಸಿದರೆ ಮೂವತ್ತೊಂದು ಇಪ್ಪತ್ತೆಂಟಕ್ಕೆ ಇಳಿಯುತ್ತದೆ ಎಂದು ಪ್ರಕಾಶನ ಎಕ್ಸೆಲ್ ಹೇಳಿತು. ಕಡಲಗಾಳಿಯ ಅಭ್ಯಾಸವೂ ಆಗಲಿ ಎಂದು ಗಾಲ್ವೆಸ್ಟನ್ ಹತ್ತಿರದ ಒಂದು ಕೋರ್ಸಿಗೆ ಎಲ್ಲರೂ ಹೋದೆವು.

ಅಲ್ಲಿ ಪಾಟೀಲರು ಒಂದೇ ಒಂದು ಕೇಳಿಕೊಂಡರು: "ಇವತ್ತೊಂದಿನ ಎಲ್ಲಾರೂ ತೂತಿನ್ಯಾಗ ಹಾಕೂಣ್ರಿ. ಐರ್ಲೆಂಡಿನ್ಯಾಗ 'ಇರ್ಲಿ ಬಿಡಿ' ಅನ್ನಾಕ ಯಾರ ಇರ್ತಾರ?" ಸರಿ ಎಂದೆವು. ಸ್ಕೋರ್ ಬರೆಯುವ ಕೆಲಸ ನನ್ನದು. ಅಯ್ಯೋ, ಆ ದಿನ ನಮ್ಮೆಲ್ಲರ ಬಣ್ಣ ಬಯಲಾಯಿತು ನೋಡಿ! ಮೊಳದುದ್ದದಿಂದ ತಳ್ಳಿದ ಚೆಂಡು ಕುಳಿಯನ್ನು ಇಣುಕಿ ನೋಡಿ ಆಚೆ ಹೋಗುತ್ತಿತ್ತು. ಪ್ರಕಾಶ ಒಂದೇ ಕುಳಿಗೆ ಐದು ಸಲ ತಳ್ಳಿದ. ಶ್ರೀಧರ್ ಕೋಲಿಗೇ ಬೈದರು. ಪಾಟೀಲರು ಮಾತ್ರ ಎಂದಿನಂತೆ ಬಗ್ಗಿ, ಲಟಕ್ಕೆನಿಸಿ, ಬೀಳಿಸಿ, ಏಳುತ್ತಿದ್ದರು.

ಕೊನೆಯ ಕುಳಿ. ಪಾಟೀಲರ ಚೆಂಡು ಎರಡು ಗೇಣು ದೂರ ನಿಂತಿತ್ತು. ಬಿದ್ದರೆ ತೊಂಬತ್ತೆಂಟು. ಅವರು ಬಗ್ಗಿದರು. ಚೆಂಡು ಹೊರಟಿತು, ಅಂಚಿಗೆ ಬಂತು, ಅಂಚನ್ನೇ ಅರ್ಧ ಸುತ್ತಿ ಹೊರಗೆ ನಿಂತಿತು. ಅವರು ಎರಡು ಕ್ಷಣ ಅದನ್ನೇ ನೋಡಿ, ಇನ್ನೊಮ್ಮೆ ತಟ್ಟಿ ಒಳಗೆ ಬೀಳಿಸಿದರು. ತೊಂಬತ್ತೊಂಬತ್ತು. ಪ್ರಕಾಶ ಬೇರೆ ಕಡೆ ಮುಖ ತಿರುಗಿಸಿದ್ದ. ಶ್ರೀಧರ್ ಬೂಟಿನ ದಾರ ಕಟ್ಟುತ್ತಿದ್ದರು, ಕಟ್ಟಿಯೇ ಇದ್ದ ದಾರವನ್ನು. ನಾನು ಕಾರ್ಡಿನಲ್ಲಿ ಏಳು ಎಂದು ಬರೆಯಬೇಕಾದಲ್ಲಿ ಆರು ಎಂದು ಬರೆದೆ.

ಪಾಟೀಲರು ಬಂದು ಕಾರ್ಡ್ ನೋಡಿದರು. ಸಿಟ್ಟಾಗಲಿಲ್ಲ.

"ಅಕ್ಕಾರ, ಈ ಪೆನ್ಸಿಲ್ಲಿಗೆ ರಬ್ಬರ್ ಇಲ್ಲ ನೋಡ್ರಿ. ಗೀಟು ಹೊಡದು ಬಾಜೂಕ ಬರೀರಿ."

"ಸರ್, ಒಂದೇ ಒಂದು. ಇರ್ಲಿ ಬಿಡಿ..."

"ಇಲ್ರಿ. ಆ ಸಮುದ್ರದ ಮುಂದ ನಿಂತಾಂವ ನಾನ ಆಗಿರಬೇಕಲ್ಲ? ಆರು ಹೊಡದ ಪಾಟೀಲ ಬ್ಯಾರೆ ಯಾರೋ. ಅಂವನ್ನ ಕಳಸಿ ನಾ ಏನ್ ಮಾಡ್ಲಿ?"

ಗೀಟು ಹೊಡೆದು ಏಳು ಬರೆದೆ. ಆಮೇಲೆ ಎಲ್ಲರದೂ ಕೂಡಿಸಿದೆ. ಪ್ರಕಾಶ ನೂರೇಳು. ಶ್ರೀಧರ್ ನೂರಹನ್ನೊಂದು. ನನ್ನದು ಕೇಳಬೇಡಿ. ಎಂಟು ಜನರಲ್ಲಿ ನೂರರೊಳಗೆ ಇದ್ದವರು ಪಾಟೀಲರೊಬ್ಬರೇ.

"ಅಂದ್ರೆ ಅಕ್ಕ, ನಿಜವಾಗ್ಲೂ ಲೆಕ್ಕ ಹಾಕಿದ್ರೆ ನಾವ್ಯಾರೂ..." ಎಂದ ಪ್ರಕಾಶ.

"ಹೌದಪ್ಪ, ನಾವ್ಯಾರೂ ಆ ಮಿತಿಯೊಳಗಿಲ್ಲ" ಎಂದೆ.

ಪಾಟೀಲರು ಕಾರಿನ ಡಿಕ್ಕಿ ತೆಗೆದು ಗಿರಿಜಾ ಆಂಟಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಹಂಚಿದರು. "ನೀವು ಹೋಗಿ ಬರ್ರಿ. ಒಂದ್ ಫೋಟೋ ಕಳಸ್ರಿ. ನಂಗ ಕ್ಯಾಲೆಂಡರ್ ಐತಲ್ಲ" ಎಂದರು.

ಮನೆಗೆ ಬಂದು ಆ ಹೆಸರುವಾಸಿ ಕ್ಲಬ್ಬಿಗೆ, ಬರುವುದಿಲ್ಲ, ಕ್ಷಮಿಸಿ ಎಂದು ಬರೆದೆ. ಯಾರನ್ನೂ ಕೇಳಲಿಲ್ಲ. ಮಾರನೆಯ ದಿನ ಗಿರಿಜಾ ಆಂಟಿಗೆ ಫೋನ್ ಮಾಡಿದೆ. "ಆಂಟಿ, ಕ್ಯಾಲೆಂಡರಿನ ಕೆಳಗೆ ಕೋರ್ಸಿನ ಹೆಸರು ಏನಂತ ಬರೆದಿದೆ, ನೋಡಿ ಹೇಳ್ತೀರಾ?" ಆಂಟಿ ನೋಡಿ ಬಂದರು. "ಹೆಸರು ಎಲ್ಲೈತ್ರೀ? ಅದರ ಮ್ಯಾಲೇ ಟೈಲ್ಸ್ ಕಂಪನಿ ಫೋನ್ ನಂಬರ್ ಹೊಡದಾರ!" ನಾನು ನಗುತ್ತಾ ಅಲ್ಲೇ ಕೂತುಬಿಟ್ಟೆ. ಪಾಟೀಲರು ಯಾವತ್ತೂ ಇಂಥದೇ ಕೋರ್ಸು ಬೇಕು ಎಂದಿರಲಿಲ್ಲ. ದೊಡ್ಡ ಹೆಸರು ಬೇಕಾಗಿದ್ದದ್ದು ನಮಗೆ, ಫೋಟೋ ಹಾಕಿಕೊಳ್ಳಲು.

ಹುಡುಕಿದಾಗ ಅದೇ ಕಡಲ ದಂಡೆಯಲ್ಲಿ ಒಂಬತ್ತೇ ಕುಳಿಗಳ ಒಂದು ಸಣ್ಣ ಲಿಂಕ್ಸ್ ಸಿಕ್ಕಿತು. ಎಂಟೂ ಜನರ ನಿಜವಾದ ಸ್ಕೋರುಗಳನ್ನು ಬರೆದು, ನಾವು ಬರಬಹುದೇ ಎಂದು ಕೇಳಿದೆ. ಅಲ್ಲಿಯ ಕಾರ್ಯದರ್ಶಿ ಎರಡೇ ಸಾಲು ಬರೆದಿದ್ದರು: ಸರ್ಟಿಫಿಕೇಟ್ ಬೇಡ, ಬನ್ನಿ. ಆದರೆ ಗೇಟು ಮುಚ್ಚಿಕೊಂಡು ಬನ್ನಿ, ಕುರಿಗಳು ಆಚೆ ಹೋಗುತ್ತವೆ.

ಹೋದೆವು. ಮಳೆ ಅಡ್ಡಡ್ಡಲಾಗಿಯೇ ಹೊಡೆಯಿತು. ಶ್ರೀಧರರ ಮಳೆಯಂಗಿ ಎರಡನೆಯ ಕುಳಿಗೇ ಸೋರಿತು. ಪಾಟೀಲರು ಮೊದಲ ದಿಬ್ಬ ಹತ್ತಿ, ಸಮುದ್ರಕ್ಕೆ ಮುಖ ಮಾಡಿ ಬಹಳ ಹೊತ್ತು ನಿಂತರು. ಕಣ್ಣಲ್ಲಿ ನೀರಿತ್ತು, ಮಳೆಯದೋ ಅವರದೋ ನಾನು ಕೇಳಲಿಲ್ಲ. ಕೊನೆಗೆ, "ಕ್ಯಾಲೆಂಡರಿನ್ಯಾಗ ಗಾಳಿ ಇರಲಿಲ್ಲಲ್ರೀ!" ಎಂದು ಟೋಪಿ ಹಿಡಿದುಕೊಂಡು ನಕ್ಕರು. ಪ್ರತಿ ಕುಳಿಗೂ ಎಲ್ಲರೂ ಬಗ್ಗಿದೆವು. ಕುರಿಗಳು ಕಾದವು. ಬಂಡೆಯ ಮರೆಯಲ್ಲಿ ನಿಂತು ರೊಟ್ಟಿ ತಿಂದದ್ದು, ಸ್ಕೋರ್ ಬರೆದ ಪೆನ್ಸಿಲ್ ಇದ್ದ ಜೇಬಿಗೇ ಚಟ್ನಿಪುಡಿ ಚೆಲ್ಲಿದ್ದು ಆಗಲೇ. ಊರಿಗೆ ಬಂದ ಮಾರನೆಯ ದಿನ ಗಿರಿಜಾ ಆಂಟಿ ಫೋನ್ ಮಾಡಿದರು: "ನಮ್ಮ ಗ್ವಾಡಿ ಮ್ಯಾಲ ಆಗಸ್ಟ್ ಬಂತ್ರಿ ಅಕ್ಕಾರ!"

ಪೆನ್ಸಿಲ್ ಜೇಬಿನಲ್ಲೇ ಇಟ್ಟುಕೊಂಡು ಶನಿವಾರ ಆಟಕ್ಕೆ ಹೋದೆ. ಮಳೆ ಬರಲಿಲ್ಲ, ಬಿಡಿ. ಈಗ ನಮ್ಮ ಜೊತೆ ಮೇಘನಾ ಎನ್ನುವ ಹುಡುಗಿ ಆಡುತ್ತಾಳೆ. ಬೆಂಗಳೂರಿನವಳು, ಹತ್ತಿರದ ಟೇಲರ್ ಎಂಬ ಊರಿನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯಲ್ಲಿ ಇಂಜಿನಿಯರ್. ಅವತ್ತು ಸ್ಕೋರ್ ಬರೆಯುವವಳು ಅವಳೇ. ಕೊನೆಯ ಕುಳಿಯಲ್ಲಿ ನನ್ನ ಚೆಂಡು ಒಂದು ಗೇಣು ದೂರ ನಿಂತಿತು.

"ಇರ್ಲಿ ಬಿಡಿ ಆಂಟಿ, ಬಿತ್ತು ಅಂದ್ಕೊಳ್ಳಿ. ಸೆವೆನ್ ಹಾಕ್ಲಾ?"

ಹಳೆಯ ಉಪಚಾರ. ಬೇಡ ಎನ್ನಲು ಬಾಯಿ ಬರುವುದಿಲ್ಲ, ನಿಜವಾಗಿಯೂ. ಬಗ್ಗಿದೆ. ಈಗ ನನ್ನ ಮೊಣಕಾಲೂ ಲಟಕ್ಕೆನ್ನುತ್ತದೆ. ತಳ್ಳಿದೆ. ಹೋಗಲಿಲ್ಲ. ಇನ್ನೊಮ್ಮೆ ತಟ್ಟಿದೆ, ಬಿತ್ತು.

ಮೇಘನಾ ಆಗಲೇ ಏಳು ಎಂದು ಬರೆದುಬಿಟ್ಟಿದ್ದಳು. ಕಾರ್ಡ್ ಇಸಿದುಕೊಂಡು, ಜೇಬಿನಿಂದ ಆ ಮೋಟು ಪೆನ್ಸಿಲ್ ತೆಗೆದು, ಏಳಕ್ಕೆ ಗೀಟು ಹೊಡೆದು ಪಕ್ಕದಲ್ಲಿ ಎಂಟು ಎಂದು ಬರೆದೆ.