ಬೇರಿಂಗಿಗೆ ಕುಂಕುಮ

ಹೋದ ವಾರ ಹುಣಸೂರಿನ ಗ್ಯಾರೇಜೊಂದರಲ್ಲಿ ನನ್ನ ಮಾನ ಹೋಯಿತು. ನನ್ನ ಸ್ಕೂಟರಿನ ಮುಂದಿನ ಚಕ್ರ ಕೆಲವು ದಿನಗಳಿಂದ ಕರಕರ ಅನ್ನುತ್ತಿತ್ತು. ಮೆಕ್ಯಾನಿಕ್ ಚಕ್ರ ಬಿಚ್ಚಿ, ಒಳಗಿನ ಬೇರಿಂಗನ್ನು ತಟ್ಟಿ ಹೊರತೆಗೆದು, ತಟ್ಟೆಯ ಪೆಟ್ರೋಲಿನಲ್ಲಿ ಅಲುಬಿ, ಬೆರಳಿಗೆ ಸಿಕ್ಕಿಸಿ ಗಿರ್ರನೆ ತಿರುಗಿಸಿದ. ಅಷ್ಟೇ ಸಾಕಾಯಿತು. ಇಸ್ತ್ರಿ ಸೀರೆಯ, ಹೆಗಲಿಗೆ ಬ್ಯಾಗು ತೂಗುಹಾಕಿದ, ಶಾಲೆಯಿಂದ ನೇರ ಬಂದಿದ್ದ ಟೀಚರಮ್ಮ ನಾನು, "ಕೊಡಪ್ಪ ಇಲ್ಲಿ" ಎಂದು ಅದನ್ನು ಕಿತ್ತುಕೊಂಡು, ನನ್ನ ಬೆರಳಿಗೆ ಹಾಕಿ ತಿರುಗಿಸಿ, ತಿರುಗುತ್ತಿದ್ದಂತೆಯೇ ದವಡೆಗೆ ಒತ್ತಿಕೊಂಡೆ. ಕೆನ್ನೆಯೆಲ್ಲ ಪೆಟ್ರೋಲು. ಅವನು ಪಾಪ ಗಾಬರಿಯಿಂದ, "ಅಲ್ಲು ನೋವಾ ಮೇಡಂ?" ಎಂದು ಕೇಳಿದ. ನನಗೆ ಎಂಥ ನಗು ಬಂತೆಂದರೆ ಉತ್ತರ ಕೊಡಲಾಗದೆ ಆಚೆ ಹೋಗಿ ನಿಂತುಬಿಟ್ಟೆ. ಅವನಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ನೀವು ಬೇರಿಂಗ್ ಗಾಡಿ ಓಡಿಸಿದ್ದೀರಾ? ಇಲ್ಲವೆಂದರೆ ನಿಮ್ಮ ಮೊಣಕಾಲಿನ ಚರ್ಮ ಹುಟ್ಟಿದಾಗಿನದೇ ಇರಬೇಕು, ಸಂತೋಷ. ಈಗಿನ ಮಕ್ಕಳು ನಿಂತುಕೊಂಡು ಜಾರುವ ಸ್ಕೇಟ್‌ಬೋರ್ಡಿಗೆ ಅದು ದೊಡ್ಡಪ್ಪನಾಗಬೇಕು. ಒಂದು ಹಲಗೆ, ಹಿಂದೆ ಎರಡು ಬೇರಿಂಗು, ಮುಂದೆ ಒಂದು. ಮುಂದಿನ ಬೇರಿಂಗು ಕೂರಿಸಿದ ಅಡ್ಡಪಟ್ಟಿಯ ಎರಡೂ ತುದಿಗೆ ಹಗ್ಗ ಕಟ್ಟಿ, ಎತ್ತಿನ ಮೂಗುದಾರದಂತೆ ಕೈಯಲ್ಲಿ ಹಿಡಿದು ಹಲಗೆಯ ಮೇಲೆ ಕೂತರೆ, ಡಾಂಬರು ರಸ್ತೆಯ ಇಳಿಜಾರಿನಲ್ಲಿ ನೀವೇ ರಾಜ, ನೀವೇ ಸಾರಥಿ. ಬ್ರೇಕು ಒಂದಿರಲಿಲ್ಲ. ನಮ್ಮ ಬೆಟ್ಟದಪುರದಲ್ಲಿ ಇಳಿಜಾರಿಗೇನು ಬರ? ಬೆಟ್ಟದ ಪಾದದಿಂದ ಅರಳೀಕಟ್ಟೆಯವರೆಗೆ ರಸ್ತೆ ತಾನಾಗಿ ಇಳಿಯುತ್ತದೆ.

ಪಿರಿಯಾಪಟ್ಟಣದ ಲಾರಿ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ ಸವೆದು ಬಿಸಾಕಿದ ಬೇರಿಂಗುಗಳನ್ನು ನನಗೆಂದೇ ತಂದುಕೊಡುತ್ತಿದ್ದ. ಆದ್ದರಿಂದ ನಮ್ಮ ಬೀದಿಯ ಏಕೈಕ ಗಾಡಿಯ ಬೇರಿಂಗುಗಳು ನನ್ನವು. ಹಲಗೆ ಮಾತ್ರ ಪಕ್ಕದ ಮನೆಯ ಸಿದ್ದನದು. ಸಿದ್ದ ನನಗಿಂತ ಎರಡು ಕ್ಲಾಸು ಮುಂದಿದ್ದ, ಮೀಸೆ ಇನ್ನೂ ಬಾರದಿದ್ದರೂ ಅದು ಬರುವ ಜಾಗವನ್ನು ಆಗಲೇ ಉಜ್ಜಿಕೊಳ್ಳುತ್ತಿದ್ದ. ಬೇರಿಂಗು ನನ್ನವು, ಹಿಂದಿನಿಂದ ತಳ್ಳುವವಳು ನಾನು, ಹಗ್ಗ ಹಿಡಿದು ಮೇಲೆ ಕೂರುವವನು ಅವನು. ಇದ್ಯಾವ ಊರಿನ ನ್ಯಾಯ?

"ಎಣ್ಣೈಕ್ಳು ಇಂದ್ಗಡೆಯಿಂದ ತಳ್ಬೇಕು ಕಣಮ್ಮಿ. ಅಗ್ಗ ಇಡಿಯಕ್ಕೆ ಕೈಲಿ ಬಲ ಬೇಕು," ಎಂದ.

"ತಳ್ಳಕ್ಕೆ ಬಲ ಬ್ಯಾಡ್ವಾ?"

"ತಳ್ಳೋ ಬಲ ಬ್ಯಾರೆ ಕಣಮ್ಮಿ," ಎಂದು ಹೆಡ್ಮಾಸ್ಟರಂತೆ ತಲೆಯಾಡಿಸಿದ.

ನನಗೆ ಪಿತ್ತ ನೆತ್ತಿಗೇರಿತು. ಅಲ್ಲೇ ಗಾಡಿಯನ್ನು ಬೋರಲು ಹಾಕಿ ನನ್ನ ಬೇರಿಂಗುಗಳನ್ನು ಕಿತ್ತುಕೊಂಡೆ. ಅವನೇನು ಕಮ್ಮಿ, ತನ್ನ ಮಾವನ ಟ್ರ್ಯಾಕ್ಟರಿನ ಹಳೆಯ ಬೇರಿಂಗು ತಂದು ಸಂಜೆಯೊಳಗೆ ಬೇರೆ ಗಾಡಿ ಕಟ್ಟಿದ. ನಾನೂ ಹಿತ್ತಲಲ್ಲಿ ಬಿದ್ದಿದ್ದ ಹಲಗೆಯೊಂದನ್ನು ಹುಡುಕಿ ನನ್ನದೇ ಗಾಡಿ ಕಟ್ಟಿದೆ. ಬೀದಿಯ ಮಕ್ಕಳೆಲ್ಲ ಸೇರಿ ಪಂದ್ಯ ಗೊತ್ತುಮಾಡಿದರು. ವಿಜಯದಶಮಿಯ ಮಧ್ಯಾಹ್ನ ಬೆಟ್ಟದ ಪಾದದಿಂದ ಬಿಡುವುದು, ಅರಳೀಕಟ್ಟೆಯನ್ನು ಮೊದಲು ದಾಟಿದವರು ಗೆದ್ದಂತೆ. ನಾನು ಗೆದ್ದರೆ ಹುಡುಗಿಯರೂ ಹಗ್ಗ ಹಿಡಿಯಬಹುದು, ಸಿದ್ದ ತಳ್ಳಬೇಕು. ಸೋತರೆ ಬೇರಿಂಗುಗಳೂ ಅವನವು, ನಾನೂ ಮಾತಾಡದೆ ತಳ್ಳುತ್ತಿರಬೇಕು. ಮಾತಾಡದೆ ಎಂಬ ಷರತ್ತೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಬೇರಿಂಗು ತೊಳೆಯುವುದೆಂದರೆ ಸುಮ್ಮನೆಯೇ? ನಮ್ಮ ರಸ್ತೆಯ ಮಣ್ಣು, ಸಗಣಿ, ಮಾವನ ಗ್ಯಾರೇಜಿನ ಹಳೆಯ ಗ್ರೀಸು ಎಲ್ಲ ಸೇರಿ ಗುಂಡುಗಳ ನಡುವೆ ಕೂತಿದ್ದವು. ಹಾಲಿನ ಪುಡಿಯ ಹಳೇ ಡಬ್ಬಕ್ಕೆ ಸೀಮೆಣ್ಣೆ ಸುರಿದು, ಅದರಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಗ್ಗೆ ಕೋಳಿಪುಕ್ಕದಿಂದ ಒಂದೊಂದು ಗುಂಡಿನ ಸಂದನ್ನೂ ಕೆದಕಬೇಕು. ನಂತರ ಬಟ್ಟೆಯ ಮೇಲೆ ತಟ್ಟಿ ತಟ್ಟಿ, ಪಸೆ ಆರುವಂತೆ ಬಿಸಿಲಿಗಿಡಬೇಕು. ಅವಸರಪಟ್ಟು ಒದ್ದೆಯಲ್ಲೇ ತಿರುಗಿಸಿದಿರೋ, ಕೊಳೆ ಇನ್ನೊಂದು ಮಗ್ಗುಲಿಗೆ ಹೋಗಿ ಕೂರುತ್ತದೆ. ಒಣಗಿದ ಮೇಲೆ ಬೆರಳಿಗೆ ಸಿಕ್ಕಿಸಿ ತಿರುಗಿಸಿದರೆ ಬರುವ ಆ ಗಿರ್ರೆನ್ನುವ ಸದ್ದಿಗೆ ನಾನು ಊಟ ಬಿಟ್ಟು ಕೂತದ್ದುಂಟು. ಸೀಮೆಣ್ಣೆ ಮಾತ್ರ ರೇಷನ್ ಸೊಸೈಟಿಯದು, ಅಜ್ಜಿಯ ಮಂಚದ ಕೆಳಗಿನ ಕ್ಯಾನಿನಲ್ಲಿ ಇರುತ್ತಿತ್ತು. ಅಜ್ಜಿ ಅದರ ಮೇಲೆ ಮಲಗಿದ ಸರ್ಪ. ನಾನು ಬುಡ್ಡಿದೀಪದ ತಳದಲ್ಲಿ ಉಳಿದದ್ದನ್ನು ಬಗ್ಗಿಸಿಕೊಂಡು ಹೇಗೋ ಸುಧಾರಿಸಿದೆ.

ತೊಳೆದದ್ದಾಯಿತು, ಎಣ್ಣೆ ಯಾವುದು ಬಿಡಬೇಕು? ಇಲ್ಲಿ ಶುರುವಾಯಿತು ನೋಡಿ ನಮ್ಮ ಮನೆಯ ಅತ್ತೆಸೊಸೆಯ ಯುದ್ಧ. ಅವ್ವ ಊರಿನವರ ರವಿಕೆ ಹೊಲಿಯುತ್ತಿದ್ದಳು. ಅವಳ ಪ್ರಕಾರ ತಿರುಗುವ ಯಾವುದಕ್ಕೂ ಹೊಲಿಗೆ ಮೆಷಿನ್ ಎಣ್ಣೆಯೇ ಮದ್ದು, ಅದೂ ಒಂದೇ ತೊಟ್ಟು. ಅಜ್ಜಿಯ ಕಾಲದಲ್ಲಿ ತಿರುಗುತ್ತಿದ್ದದ್ದು ಎತ್ತಿನ ಗಾಡಿಯ ಚಕ್ರ. ಅದಕ್ಕೆ ಬೇಕಾದದ್ದು ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಬಿದಿರಿನ ಗೊಟ್ಟದಲ್ಲಿ ತುಂಬಿಟ್ಟ ಆ ಕಪ್ಪು ಪಾಯಸವನ್ನು ನೀವು ನೋಡಿದ್ದೀರೋ ಇಲ್ಲವೋ. ಗೋಡೆಗೆ ಮೆತ್ತಿದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

"ಗಾಡಿ ಅಂದ್ಮೇಲೆ ಕೀಲೆಣ್ಣೆ ಬೇಕು ಕಣವ್ವ. ಕೀಲೆಣ್ಣೆ ಕಾಣ್ದಿರೋ ಗಾಡಿ ಊರು ಸೇರಲ್ಲ," ಎಂದಳು ಅಜ್ಜಿ.

"ನಿಮ್ಮ ಕೀಲೆಣ್ಣೆ ಆಕುದ್ರೆ ಗಾಡಿ ಒಲೆ ಊಡ್ಕಂಡು ಅಲ್ಲೇ ಸಂಸಾರ ಮಾಡ್ತದೆ ಅತ್ತೆಮ್ಮ," ಎಂದಳು ಅವ್ವ, ಸ್ವಲ್ಪ ಮೆಲ್ಲಗೆ. ಅಜ್ಜಿಗೆ ಕಿವಿ ಮಂದ. ಬೇಕಾದದ್ದು ಮಾತ್ರ ಕೇಳಿಸದಷ್ಟು ಮಂದ, ಇಂಥದ್ದೆಲ್ಲ ಚೆನ್ನಾಗಿಯೇ ಕೇಳಿಸುತ್ತಿತ್ತು.

ನಾನು ಬಾಯಿ ಮುಚ್ಚಿಕೊಂಡು ಅವ್ವನ ಎಣ್ಣೆ ಬಿಟ್ಟೆ. ಗಾಡಿ ಹೂವಿನ ಮೇಲೆ ಹೋದಂತೆ ಹೋಯಿತು. ಗೆದ್ದೆ ಅಂದುಕೊಂಡೆ. ಆದರೆ ವಿಜಯದಶಮಿಗೆ ಮುಂಚೆ ಆಯುಧಪೂಜೆ ಬರುತ್ತದಲ್ಲ, ಅದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ.

ಆಯುಧಪೂಜೆ ಅಜ್ಜಿಯ ಖಾತೆ. ನೇಗಿಲು, ಕುಡುಗೋಲು, ಒನಕೆ, ಹೊಗೆಸೊಪ್ಪಿನ ಬೆಳೆಗೆ ಔಷಧಿ ಹೊಡೆಯುವ ಸ್ಪ್ರೇಯರು, ಅವ್ವನ ಮೆಷಿನ್ನು ಎಲ್ಲವನ್ನೂ ಸಾಲಾಗಿ ಇಟ್ಟು, ಕೊನೆಯಲ್ಲಿ ನನ್ನ ಗಾಡಿಯನ್ನೂ ಇಟ್ಟಿದ್ದಳು. ನನಗೆ ಹೆಮ್ಮೆಯೋ ಹೆಮ್ಮೆ. ಮಂಗಳಾರತಿ ತೆಗೆದುಕೊಂಡು, ಬಾಯಿತುಂಬ ಕಡುಬು ತುರುಕಿಕೊಂಡು ಆಟಕ್ಕೆ ಓಡಿದೆ. ಮರುದಿನ ಬೆಳಗ್ಗೆ ಎದ್ದು ಚಕ್ರ ತಿರುಗಿಸುತ್ತೇನೆ, ಊಹೂಂ. ಮಿಸುಕಲಿಲ್ಲ. ಬೇರಿಂಗಿನ ತುಂಬ ಕೀಲೆಣ್ಣೆ, ಕೀಲೆಣ್ಣೆಯ ಮೇಲೆ ಅರಿಶಿನ, ಅರಿಶಿನದ ಮೇಲೆ ಕುಂಕುಮ, ಗುಂಡುಗಳ ಸಂದಿನಲ್ಲಿ ಅಕ್ಷತೆಯ ಅಕ್ಕಿ!

"ಅಜ್ಜೀ! ಬೇರಿಂಗಿಗೆ ಅಕ್ಷತೆ ಆಕಿದ್ಯಾ?"

"ಊಂ ಕಣ್ ಮಗಾ," ಎಂದಳು ಅಜ್ಜಿ ಮುಖ ಅರಳಿಸಿ. "ಎಲ್ಲಾದ್ಕೂ ಒಂದ್ ಚಿಟಿಕೆ, ನಿಂದ್ಕೆ ಒಂದ್ ಇಡಿ ಆಕಿವ್ನಿ. ಕೀಲೆಣ್ಣೆನೂ ಮೆತ್ತಿವ್ನಿ. ಇನ್ನು ಎಷ್ಟು ಸೌದೆ ಏರ್ಕಂಡ್ ಬಂದ್ರೂ ತಡೀತದೆ."

ಸೌದೆ! ಇಷ್ಟು ದಿನ ನಾನು ಸೌದೆ ಹೊರಲು ಗಾಡಿ ಕಟ್ಟುತ್ತಿದ್ದೇನೆಂದು ಅವಳು ತಿಳಿದಿದ್ದಳು. ನಾನು ಜಗಲಿಯ ಮೇಲೆ ಕುಸಿದು ಕೂತು ಹೋ ಎಂದು ಅತ್ತೆ. ಅಳುವಿನ ನಡುವೆ ಪಂದ್ಯ, ಸಿದ್ದ, ತಳ್ಳುವ ಬಲ, ಹಗ್ಗದ ಬಲ ಎಲ್ಲವನ್ನೂ ಅವಳ ಕಿವಿಯ ಹತ್ತಿರ ಕೂಗಿ ಕೂಗಿ ಹೇಳಿದೆ. ಬೀದಿಗೆಲ್ಲ ಕೇಳಿಸಿತು. ಅಜ್ಜಿ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ಎಣ್ಣೆಂಗ್ಸು ಇಂದ್ಗಡೆನೇ ಇರ್ಬೇಕು ಅಂದ್ನಾ?"

"ಊಂ."

"ನಾ ಮದ್ವೆಯಾಗಿ ಬಂದಾಗಿಂದ ಗಾಡಿ ಇಂದ್ಗಡೆನೇ ಕೂತಿವ್ನಿ ಕಣ್ ಮಗಾ. ಕಾಲು ಇಳೇ ಬುಟ್ಕಂಡು, ಮಕ ಆಕಡೀಕೆ. ದೂಳು ಬುಟ್ರೆ ಏನೂ ಕಾಣ್ನಿಲ್ಲ," ಎಂದಳು. ನಂತರ ಒಳಗೆ ತಿರುಗಿ, "ಏ ಅಮ್ಮಿ, ಸೀಮೆಣ್ಣೆ ಕ್ಯಾನ್ ತಕಬಾ," ಎಂದು ಅವ್ವನನ್ನು ಕೂಗಿದಳು.

ಅವ್ವ ಬಾಗಿಲಲ್ಲಿ ನಿಂತು, "ಪೂಜೆ ಕದಲಿಸ್ದೆ ತೊಳೀಬಾರ್ದು ಅಂತ ನೀವೇ ಯೋಳಿದ್ರಿ ಅತ್ತೆಮ್ಮ," ಎಂದಳು. ಅವಳಿಗೂ ಒಂದು ಅವಕಾಶ ಬೇಕಲ್ಲ.

ಅಜ್ಜಿ ಎದ್ದು ಬಂದು, ಕೈಮುಗಿದು, ಗಾಡಿಯನ್ನು ಬಡಗಲಿಗೆ ಒಂದು ಗೇಣು ಸರಿಸಿದಳು. "ಕದಲ್ಸ್ದೆ. ಆಯ್ತಾ? ಈಗ ತಾ."

ಆಮೇಲೆ ನಡೆದದ್ದನ್ನು ಊರಿನ ಕಲ್ಲಿನ ಮೇಲೆ ಕೆತ್ತಿಸಬೇಕಿತ್ತು. ಜನ್ಮದಲ್ಲಿ ಒಂದು ಕೆಲಸಕ್ಕೂ ಒಮ್ಮತಕ್ಕೆ ಬಾರದ ಅತ್ತೆಸೊಸೆ ಜಗಲಿಯ ಮೇಲೆ ಎದುರುಬದುರು ಕೂತು ಬೇರಿಂಗು ತೊಳೆದರು. ಅವ್ವ ಸೂಜಿಯ ಮೊನೆಯಿಂದ ಅಕ್ಕಿಕಾಳುಗಳನ್ನು ಒಂದೊಂದಾಗಿ ಮೀಟಿ ತೆಗೆದಳು, ಅಜ್ಜಿ ಕೋಳಿಪುಕ್ಕದಲ್ಲಿ ಉಜ್ಜಿದಳು, ನಾನು ಸೀಮೆಣ್ಣೆ ಬದಲಿಸಿದೆ. ಸೊಸೈಟಿಯ ನೀಲಿ ಸೀಮೆಣ್ಣೆ ಅರಿಶಿನಕ್ಕೆ ಹಸಿರಾಯಿತು, ಕುಂಕುಮಕ್ಕೆ ಕೆಂಪಾಯಿತು, ಕೀಲೆಣ್ಣೆ ಬಿಟ್ಟುಕೊಂಡ ಮೇಲೆ ಯಾವ ಬಣ್ಣವೆಂದು ಹೇಳುವ ಹಾಗಿರಲಿಲ್ಲ. ಅಜ್ಜಿ ಕ್ಯಾನಿನ ತಳದವರೆಗೆ ಸುರಿಸಿದಳು. ಇಂದಿಗೂ ನನಗೆ ಯಾರಾದರೂ ಪ್ರೀತಿ ಎಂದರೆ ಆ ಖಾಲಿ ಕ್ಯಾನು ನೆನಪಾಗುತ್ತದೆ.

ಬಿಸಿಲಿಗಿಟ್ಟು ಒಣಗಿಸಿ, ಅವ್ವ ಒಂದೊಂದಕ್ಕೂ ತೊಟ್ಟು ಎಣ್ಣೆ ಬಿಟ್ಟಳು. "ಇಷ್ಟೇಯಾ? ಏನ್ ಜಿಪುಣಿ ನೀನು," ಎಂದು ಅಜ್ಜಿ ಒಂದನ್ನು ಬೆರಳಿಗೆ ಹಾಕಿ ತಿರುಗಿಸಿದಳು. ಕಿವಿಯ ಹತ್ತಿರ ಹಿಡಿದಳು, ಏನೂ ಕೇಳಿಸಲಿಲ್ಲ. ಮುಖ ಬಾಡಿತು. ಏನು ಹೊಳೆಯಿತೋ, ಅದನ್ನು ದವಡೆಯ ಮೂಳೆಗೆ ಒತ್ತಿಕೊಂಡಳು. ಒತ್ತಿಕೊಂಡವಳೇ ಕಣ್ಣರಳಿಸಿ, "ಅಯ್ಯೋ, ಅಲ್ಲುಗಳ್ಗೆಲ್ಲ ಕಚಗುಳಿ ಇಡ್ತದಲ್ಲವ್ವ!" ಎಂದು ಕಿಸಕ್ಕನೆ ನಕ್ಕಳು. ಅವ್ವನೂ ಒತ್ತಿಕೊಂಡಳು, ನಾನೂ ಒತ್ತಿಕೊಂಡೆ. ಮೂವರೂ ದವಡೆಗೆ ಬೇರಿಂಗು ಹಿಡಿದುಕೊಂಡು ನಗುತ್ತಾ ಕೂತದ್ದನ್ನು ನೋಡಿ, ಹಾಲು ಕೊಡಲು ಬಂದವನು ಚೊಂಬು ಕೆಳಗಿಟ್ಟು ಬಂದ ದಾರಿ ಹಿಡಿದ.

ಇನ್ನು ಪಂದ್ಯ. ಬೆಟ್ಟದ ಪಾದದಲ್ಲಿ ಊರಿನ ಮಕ್ಕಳೆಲ್ಲ ಸೇರಿದ್ದರು. "ಮಾತಾಡ್ದೆ ತಳ್ಳಕ್ಕೆ ಈಗ್ಲೇ ಅಭ್ಯಾಸ ಮಾಡ್ಕೊ," ಎಂದ ಸಿದ್ದ. ಯಾರೋ ಹೂಂ ಅಂದರು, ಇಬ್ಬರೂ ಕಾಲೆತ್ತಿದೆವು. ಸಿದ್ದನ ಗಾಡಿ ಮೊದಲು ಮುಂದೆ ಹೋಯಿತು, ಸುಳ್ಳೇಕೆ ಹೇಳಲಿ. ಆದರೆ ಅವನು ಬೇರಿಂಗುಗಳನ್ನು ತಂದ ಹಾಗೆಯೇ, ಟ್ರ್ಯಾಕ್ಟರಿನ ಕೆಸರು ಸಮೇತ ಕೂರಿಸಿದ್ದ. ಅರ್ಧ ದಾರಿಗೆ ಬರುವಷ್ಟರಲ್ಲಿ ಗಾಡಿ ಗೊರಗೊರ ಎಂದು ಗಂಟಲು ಕಟ್ಟಿದಂತೆ ಕೂಗಿ ನಿಧಾನವಾಯಿತು. ನಾನು ಪಕ್ಕದಿಂದ ಸುಯ್ಯನೆ ದಾಟಿದೆ. ಅರಳೀಕಟ್ಟೆ ಬಂತು, ಹೋಯಿತು. ಮಕ್ಕಳು ಕಿರುಚಿದರು. ಗಾಡಿ ನಿಲ್ಲಬೇಕಲ್ಲ? ಅಷ್ಟು ನುಣುಪಾಗಿ ತೊಳೆದಿದ್ದೆವು, ಅದಕ್ಕೆ ನಿಲ್ಲುವ ಯೋಚನೆಯೇ ಇರಲಿಲ್ಲ. ಬಸ್‌ಸ್ಟಾಪು ದಾಟಿ, ಹಗ್ಗ ಎಳೆದು ಒಂದು ಎಮ್ಮೆಯನ್ನು ತಪ್ಪಿಸಿ, ಸೀದಾ ಹೋಗಿ ತಿಪ್ಪೆಗೆ ನುಗ್ಗಿತು. ಗೆದ್ದವಳು ಸೊಂಟದವರೆಗೆ ಸಗಣಿಯಲ್ಲಿದ್ದಳು.

ಸಿದ್ದ ಓಡಿಬಂದು ಕೈಹಿಡಿದು ಎಳೆದ. "ನಿಲ್ಸಕ್ಕೇ ಬರಲ್ವಲ್ಲಮ್ಮಿ ನಿಂಗೆ!"

"ನಿಲ್ಸ್ಬೇಕು ಅಂತ ಪಂದ್ಯದಲ್ಲಿ ಎಲ್ಲಿತ್ತು? ದಾಟಿದ್ನಾ ಇಲ್ವಾ?"

ಅವನು ತಲೆ ಕೆರೆದುಕೊಂಡು, "ದಾಟ್ದೆ ಬುಡು," ಎಂದ. ಒಳ್ಳೆಯ ಹುಡುಗ, ಸೋತದ್ದನ್ನು ಸೋತೆ ಅಂದ.

ಅಷ್ಟರಲ್ಲಿ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು, ಹಿಂದೆ ಅವ್ವ. ಅಜ್ಜಿ ನನ್ನ ಕೈಕಾಲು ಮುಟ್ಟಿ ನೋಡಿ ಎಲ್ಲ ಇದೆಯೆಂದು ಖಾತ್ರಿಯಾದ ಮೇಲೆ ಗಾಡಿಯ ಕಡೆ ನೋಡಿದಳು. "ಒಸಿ ಮ್ಯಾಕ್ಕೆ ತಕ ಬನ್ನಿ. ನಾನೂ ಕೂತ್ಕತೀನಿ. ಅಗ್ಗ ನಂಗೇ ಕೊಡಿ. ಏ ಸಿದ್ದ, ತಳ್ಳಲಾ."

ಸಿದ್ದ ತಳ್ಳಿದ. ಅಜ್ಜಿ ಹಗ್ಗವನ್ನು ಎರಡೂ ಕೈಗೆ ಸುತ್ತಿಕೊಂಡು, ಕಾಲು ಚಾಚಿ, ಎತ್ತುಗಳಿಗೆ ಹೇಳುವ ಹಾಗೆ "ಹೋಯ್, ಹೋಯ್" ಎನ್ನುತ್ತಾ, "ದಾರಿ ಬುಡ್ರೋ, ದಾರಿ ಬುಡ್ರೋ!" ಎಂದು ಅರಳೀಕಟ್ಟೆಯವರೆಗೆ ಇಳಿದಳು. ಕಟ್ಟೆಯ ಮೇಲೆ ಕೂತಿದ್ದ ಗಂಡಸರು ಎದ್ದು ನಿಂತರು, ಗೌರವಕ್ಕೋ ಭಯಕ್ಕೋ ಗೊತ್ತಿಲ್ಲ. ಅವ್ವ ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಒರೆಸಿಕೊಂಡು ನಕ್ಕಳು. ಅಷ್ಟರಲ್ಲಿ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸುವ ಬ್ಯಾರನ್ನು ಮನೆಯ ಕಡೆಯಿಂದ ಅಪ್ಪ, "ಬೆಂಕಿ ಇಳೀತಾ ಅದೆ, ಸೌದೆ ಒಟ್ಟು ಬಾ" ಎಂದು ಕೂಗಿದ, ಅವ್ವ ಹೋದಳು. ಅವತ್ತು ಬೀದಿಯ ಹುಡುಗಿಯರೆಲ್ಲ ಸರದಿಯ ಮೇಲೆ ಹಗ್ಗ ಹಿಡಿದರು. ಸಿದ್ದನಿಗೆ ತಳ್ಳುವ ಬಲ ಬೇರೆಯೆಂದು ಚೆನ್ನಾಗಿ ತಿಳಿಯಿತು.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಹೋದ ವಾರ ಆ ಗ್ಯಾರೇಜಿನಲ್ಲಿ ಹೊಸ ಬೇರಿಂಗು ಹಾಕಿಸಿಕೊಂಡು ಮನೆಗೆ ಬಂದು, ಈಗ ನನ್ನ ಜೊತೆಯಲ್ಲೇ ಇರುವ ಅವ್ವನಿಗೆ ಹಲ್ಲುನೋವಿನ ಕಥೆ ಹೇಳಿದೆ. ಅವಳೂ ಬೇಕಾದಷ್ಟು ನಕ್ಕಳು. ನಕ್ಕು ಮುಗಿಸಿ, ಬಟಾಣಿ ಬಿಡಿಸುತ್ತಾ, "ಅಲ್ಲ ಕಣೇ, ಅವತ್ತು ನೀ ಕೂತೆ, ನಿಮ್ಮಜ್ಜಿ ಕೂತ್ರು, ಊರ್ ಮಕ್ಳೆಲ್ಲ ಕೂತ್ರು. ಎಣ್ಣೆ ನಂದು. ನನ್ ಸರದಿ ಯಾವಾಗ?" ಎಂದಳು.

ತಮಾಷೆಗೆ ಅಂದಳೋ ಏನೋ, ನಾನು ಮಾತ್ರ ಬಟಾಣಿ ತಟ್ಟೆ ಕಸಿದುಕೊಂಡು, "ಏಳು ಮೇಲೆ" ಎಂದೆ.

ಸಂತೆಯಿಲ್ಲದ ದಿನ ಸಂತೆಮಾಳ ಬಟ್ಟಬಯಲು. ಅವ್ವನನ್ನು ಸ್ಕೂಟರಿನ ಮುಂದೆ ಕೂರಿಸಿ, ಕಾಲಿಗೆ ಸಿಕ್ಕದಂತೆ ಸೀರೆ ಸಿಕ್ಕಿಸಿ, ನಾನು ಹಿಂದೆ ಕೂತು ಅವಳ ಎರಡೂ ಕೈಗಳ ಮೇಲೆ ನನ್ನ ಕೈ ಇಟ್ಟು ಹೊರಟೆ. ಮೊದಲ ಸುತ್ತು "ದ್ಯಾವ್ರೇ ದ್ಯಾವ್ರೇ" ಎಂದಳು. ಎರಡನೆಯ ಸುತ್ತಿನಲ್ಲಿ ದೇವರನ್ನು ಬಿಟ್ಟಳು. ಆಡು ಮೇಯಿಸುತ್ತಿದ್ದ ಮುದುಕನೊಬ್ಬ, "ಟೀಚರಮ್ಮ, ನೀವೇ ಮುಂದ್ಕೆ ಕೂತ್ಕಳಿ, ಅಜ್ಜಿ ಬಿದ್ದೋಯ್ತಾರೆ!" ಎಂದು ಕೂಗಿದ.

"ಬಿದ್ರೆ ಎದ್ದೇಳ್ತೀನಿ, ನಿನ್ ಆಡು ಇಡ್ಕೊ," ಎಂದಳು ಅವ್ವ ತಿರುಗಿಯೂ ನೋಡದೆ. ಆಮೇಲೆ ಭುಜ ಅಲುಗಿಸಿ ನನಗೆ ಹೇಳಿದಳು:

"ನಿನ್ ಕೈ ತೆಗಿಯಮ್ಮಿ."

ತೆಗೆದೆ.